ಬಾಗಿಲು ತೆಗೆಯುವ ನಿರ್ಧಾರ ಎಲ್ಲಿ ಆಗುತ್ತದೆ? ಇಂಟರ್‌ಕಾಮ್, ಆಕ್ಸೆಸ್ ಕಂಟ್ರೋಲ್ ಕುರಿತ ಪ್ರಶ್ನೋತ್ತರ

ಪ್ರಶ್ನೆ (ವಸತಿ ಸಂಘವೊಂದರ ಕಾರ್ಯದರ್ಶಿ): ನಮಸ್ಕಾರ ಸರ್. ನಮ್ಮ ಕಟ್ಟಡದಲ್ಲಿ 96 ಮನೆ. ಹಳೆಯ ಇಂಟರ್‌ಕಾಮ್ ಅರ್ಧಕ್ಕರ್ಧ ಕೆಟ್ಟಿದೆ. ಗೇಟಿನಿಂದ ಕರೆ ಬಂದರೆ ಗರಗರ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಹೊಸದು ಹಾಕಿಸೋಣ ಅಂತ ಮೂವರನ್ನು ಕರೆಸಿದೆವು. ಮೂವರದ್ದೂ ಒಂದೇ ರಾಗ. ಮನೆಯೊಳಗೆ ಫೋನ್ ಬೇಡ, ಎಲ್ಲ ಮೊಬೈಲ್ ಆ್ಯಪ್‌ನಲ್ಲಿ, ಸರ್ವರ್ ಕ್ಲೌಡ್‌ನಲ್ಲಿ, ಮನೆಗೆ ತಿಂಗಳಿಗೆ ಇಷ್ಟು. "ಮಾರ್ಕೆಟ್ ಪೂರ್ತಿ ಇದಕ್ಕೇ ಹೋಗಿದೆ" ಅನ್ನುತ್ತಾರೆ. ನಿಜವಾಗಿ ಹೋಗಿದೆಯಾ, ಇಲ್ಲ ಇದು ಮಾರುವವರ ಮಾತಾ?

ಉತ್ತರ: ಎರಡೂ ಹೌದು. ಮೊದಲೇ ಹೇಳಿಬಿಡುತ್ತೇನೆ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆದರೆ ಯಾವ ಕಂಪನಿಯ ಏಜೆಂಟೂ ಅಲ್ಲ. ವೈರ್ ಎಳೆಯುವ ಕೆಲಸದಿಂದ ಮೇಲೆ ಬಂದವನು. ಹಾಗಾಗಿ ವೈರಿನ ಕಡೆ ಸ್ವಲ್ಪ ವಾಲುತ್ತೇನೆ, ಅದನ್ನು ಕಳೆದು ಓದಿಕೊಳ್ಳಿ.

ಮಾರ್ಕೆಟ್ ಬೆಳೆಯುತ್ತಿರುವುದು ಸುಳ್ಳಲ್ಲ. ದೊಡ್ಡವರು ದುಡ್ಡು ಎಲ್ಲಿ ಹಾಕುತ್ತಿದ್ದಾರೆ ನೋಡಿ. 2021ರಲ್ಲಿ ಮೋಟೊರೋಲಾ ಸೊಲ್ಯೂಷನ್ಸ್, ಮೊಬೈಲಿನಿಂದ ಬಾಗಿಲು ತೆಗೆಯುವ ಸಾಧನ ಮಾಡುತ್ತಿದ್ದ ಓಪನ್‌ಪಾತ್ ಅನ್ನು ಕೊಂಡಿತು. 2024ರಲ್ಲಿ ಹನಿವೆಲ್, ಕ್ಯಾರಿಯರ್ ಕಂಪನಿಯ ಆಕ್ಸೆಸ್ ವಿಭಾಗಕ್ಕೆ, ಅಂದರೆ ಯಾರನ್ನು ಒಳಗೆ ಬಿಡಬೇಕು ಅಂತ ನೋಡಿಕೊಳ್ಳುವ ಸಿಸ್ಟಮ್‌ಗಳ ವಿಭಾಗಕ್ಕೆ, ಸುಮಾರು 495 ಕೋಟಿ ಡಾಲರ್ ಕೊಟ್ಟಿತು. ಬರೀ ಬೀಗ ಮಾರಿ ಬರುವ ಲಾಭ ನೋಡಿ ಇಷ್ಟು ಕೊಟ್ಟಿರಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಹಿಂದೆ ಇಂಟರ್‌ಕಾಮ್ ಒಮ್ಮೆ ಮಾರಿದರೆ ಹದಿನೈದು ವರ್ಷ ಆ ಗಿರಾಕಿಯ ಮುಖ ಕಾಣುತ್ತಿರಲಿಲ್ಲ. ಈಗ ಪ್ರತಿ ಬಾಗಿಲೂ ತಿಂಗಳು ತಿಂಗಳು ದುಡ್ಡು ತರುತ್ತದೆ. ಇದು ಮಾರುವವರ ಕಾರಣ.

ಕೊಳ್ಳುವವರಿಗೂ ಕಾರಣ ಇದೆ. ದಿನಕ್ಕೆ ಹತ್ತು ಸಲ ಪಾರ್ಸೆಲ್ ಬರುತ್ತದೆ, ಮನೆಯಲ್ಲಿ ಯಾರೂ ಇರುವುದಿಲ್ಲ. ಬಾಡಿಗೆದಾರರು ಬದಲಾಗುತ್ತಾರೆ, ಹಳಬರು ಕೀ ವಾಪಸ್ ಕೊಡುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ನಿಮ್ಮ ಆ ಗರಗರ ಸದ್ದು. 96 ಮನೆಗೆ ಹೊಸ ವೈರ್ ಎಳೆಯಬೇಕೆಂದರೆ ಗೋಡೆ ಒಡೆಯಬೇಕು. ಆ್ಯಪ್ ಆದರೆ ಗೇಟಿಗೆ ಒಂದು ನೆಟ್‌ವರ್ಕ್ ಕೇಬಲ್ ಸಾಕು, ಅದರಲ್ಲೇ ಕರೆಂಟೂ ಹೋಗುತ್ತದೆ. ಗೋಡೆ ಒಡೆಯದೆ ಕೆಲಸ ಮುಗಿಯುತ್ತದೆ ಅಂದರೆ ಯಾವ ಸಂಘ ಬೇಡ ಅನ್ನುತ್ತದೆ? ಅಂದಹಾಗೆ, ಹಳೆಯ ಎರಡೇ ತಂತಿಯ ಮೇಲೆ ವಿಡಿಯೊ ಓಡಿಸುವ ಸಿಸ್ಟಮ್‌ಗಳೂ ಇವೆ. ನಿಮ್ಮ ವೈರ್ ಗಟ್ಟಿಯಾಗಿದೆಯೇ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಆ ಮೂವರಲ್ಲಿ ಯಾರೂ ಈ ಮಾತು ಎತ್ತಿರಲಿಕ್ಕಿಲ್ಲ.

ಹಾಗಾಗಿ ಹೊಸದು ಬೇಡ ಅಂತ ಹೇಳುತ್ತಿಲ್ಲ. ಮೂವರಿಗೂ ಒಂದೇ ಪ್ರಶ್ನೆ ಕೇಳಿ: ಕಾರ್ಡ್ ಹಿಡಿದಾಗ "ಇವರನ್ನು ಒಳಗೆ ಬಿಡು" ಅನ್ನುವ ನಿರ್ಧಾರ ಎಲ್ಲಿ ಆಗುತ್ತದೆ? ಬಾಗಿಲ ಪಕ್ಕದ ಡಬ್ಬಿಯಲ್ಲೋ, ದೂರದ ಸರ್ವರ್‌ನಲ್ಲೋ?

ಪ್ರಶ್ನೆ (ಅದೇ ಕಾರ್ಯದರ್ಶಿ): ಅದರಲ್ಲಿ ಏನು ವ್ಯತ್ಯಾಸ ಸರ್? ಬಾಗಿಲು ತೆಗೆದರೆ ಆಯ್ತಲ್ವಾ?

ಉತ್ತರ: ನೆಟ್ ಇರುವಾಗ ಏನೂ ವ್ಯತ್ಯಾಸ ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತುಹೋಯಿತು, ನೆನಪಿದೆಯಾ? ಆ ದಿನ ಅವರದೇ ನೌಕರರ ಬ್ಯಾಡ್ಜ್ ಕೆಲಸ ಮಾಡದೆ ಕೆಲವರು ಆಫೀಸಿನ ಹೊರಗೇ ಉಳಿದರು ಅಂತ ವರದಿಯಾಗಿತ್ತು. ಜಗತ್ತಿನ ಅತಿ ದೊಡ್ಡ ನೆಟ್‌ವರ್ಕ್‌ಗಳಲ್ಲೊಂದನ್ನು ನಡೆಸುವವರ ಕಥೆ ಇದು. ನಿಮ್ಮ ಗೇಟಿನ ರೌಟರ್ ಯಾವ ಲೆಕ್ಕ!

ಒಳ್ಳೆಯ ಸಿಸ್ಟಮ್‌ನಲ್ಲಿ ಬಾಗಿಲ ಹತ್ತಿರದ ಆ ಡಬ್ಬಿ, ಅಂದರೆ ಕಂಟ್ರೋಲರ್, ಎಲ್ಲ ಕಾರ್ಡುಗಳ ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ನೆಟ್ ಹೋದರೂ ಬಾಗಿಲು ತೆಗೆಯುತ್ತದೆ. ಯಾರು ಬಂದರು ಅಂತ ಬರೆದಿಟ್ಟುಕೊಂಡು, ನೆಟ್ ಬಂದ ಮೇಲೆ ಕಳಿಸುತ್ತದೆ. ಕ್ಲೌಡ್ ಇರುವುದು ಪಟ್ಟಿ ತಿದ್ದಲಿಕ್ಕೆ ಮಾತ್ರ. ಕೆಟ್ಟದರಲ್ಲಿ ಪ್ರತಿ ಸಲವೂ ಸರ್ವರ್ ಅನ್ನು ಕೇಳಿಯೇ ತೆಗೆಯುತ್ತದೆ. ಡೆಮೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇನ್ನೊಂದನ್ನು ಜನ ಮರೆಯುತ್ತಾರೆ. ಕಾರ್ಡ್ ನೆಟ್ ಇಲ್ಲದೆ ನಡೆದರೂ ಆ್ಯಪ್ ಕರೆ ನಡೆಯುವುದಿಲ್ಲ. ಗೇಟಿನ ಕರೆ ಕ್ಲೌಡ್‌ಗೆ ಹೋಗಿ, ಅಲ್ಲಿಂದ ಆ್ಯಪಲ್ ಅಥವಾ ಗೂಗಲ್‌ನ ನೋಟಿಫಿಕೇಷನ್ ಸರ್ವರ್ ಹಾದು ನಿಮ್ಮ ಫೋನಿಗೆ ಬರಬೇಕು. ಎಲ್ಲ ಸರಿಯಿದ್ದಾಗಲೂ ಮಲಗಿರುವ ಫೋನ್ ಎದ್ದೇಳಲು ಕೆಲವು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಗೇಟಿನಲ್ಲಿ ನಿಂತವನು ಮತ್ತೆ ಬಟನ್ ಒತ್ತುತ್ತಾನೆ, ಮೊದಲ ಕರೆ ಕಟ್ ಆಗುತ್ತದೆ. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಕಾವಲಿನವರ ಮೇಜಿನ ಮೇಲೆ ವೈರ್ ಇರುವ ಒಂದು ಎಸ್‌ಐಪಿ ಫೋನ್ (ನೆಟ್‌ವರ್ಕ್ ಕೇಬಲ್ ಮೇಲೆ ಮಾತಾಡುವ ಫೋನ್) ಇಡಿಸಿ. ಕರೆ ಕಟ್ಟಡದೊಳಗೇ ಸುತ್ತುತ್ತದೆ, ಹೊರಗಿನ ನೆಟ್ ಬೇಕಾಗುವುದಿಲ್ಲ.

ಪ್ರಶ್ನೆ (ಸದಸ್ಯೆಯೊಬ್ಬರು): ಸರ್, ಕಂಪನಿಯೇ ಮುಚ್ಚಿಹೋದರೆ? ನಮ್ಮ ಮನೆಯ ಕ್ಯಾಮೆರಾ ಒಂದು ಹಾಗೇ ಕಸವಾಯಿತು.

ಉತ್ತರ: ಆಗುತ್ತದೆ ಮೇಡಂ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಹೋಮ್ ಕಂಪನಿ ಒಂದು ಮಾತೂ ಹೇಳದೆ ಸರ್ವರ್ ಆಫ್ ಮಾಡಿತು. ಕಂಪನಿ ಬದುಕಿದ್ದರೂ ಕೈ ಕೊಡುವುದುಂಟು. 2017ರಲ್ಲಿ ಲಾಕ್‌ಸ್ಟೇಟ್ ಅನ್ನುವವರು ಒಂದು ಮಾಡೆಲ್‌ನ ಅಪ್‌ಡೇಟನ್ನು ತಪ್ಪಿ ಇನ್ನೊಂದು ಮಾಡೆಲ್‌ಗೆ ಕಳಿಸಿದರು. ಸುಮಾರು 500 ಬೀಗಗಳು ಕೂತಲ್ಲೇ ಕೆಟ್ಟವು. ದೂರದಿಂದ ರಿಪೇರಿ ಮಾಡುವ ಹಾಗೂ ಇರಲಿಲ್ಲ, ಜನ ಬೀಗದ ಭಾಗ ಬಿಚ್ಚಿ ಪಾರ್ಸೆಲ್ ಮಾಡಬೇಕಾಯಿತು. ಅಮೆರಿಕದಲ್ಲಿ 2022ರಲ್ಲಿ 3ಜಿ ನಿಲ್ಲಿಸಿದಾಗ 3ಜಿ ಸಿಮ್ ನಂಬಿದ್ದ ಗೇಟ್ ಇಂಟರ್‌ಕಾಮ್‌ಗಳು ಮೂಕವಾದವು. ಅಲ್ಲಿ ಕಂಪನಿಯದ್ದೂ ತಪ್ಪಿಲ್ಲ, ಡಬ್ಬಿಯದ್ದೂ ತಪ್ಪಿಲ್ಲ.

ನನಗೇ ಆದದ್ದು ಹೇಳುತ್ತೇನೆ. ಒಂದು ಕಟ್ಟಡದಲ್ಲಿ ಹದಿನೆಂಟು ಬಾಗಿಲಿಗೆ ಕಂಟ್ರೋಲರ್ ಹಾಕಿದ್ದೆ. ನಾಲ್ಕನೇ ವರ್ಷ ಕಂಪನಿ ತಿಂಗಳ ಬಾಡಿಗೆಯನ್ನು ದುಪ್ಪಟ್ಟು ಮಾಡಿತು. ಬೇರೆಯವರ ಸಾಫ್ಟ್‌ವೇರ್ ಹಾಕೋಣ ಅಂದರೆ ಆ ಡಬ್ಬಿ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಹದಿನೆಂಟನ್ನೂ ಬಿಚ್ಚಿ ಬಿಸಾಕಿದೆವು. ಹಾಕಿಸಿ ಅಂದವನು ನಾನೇ ಅಲ್ವಾ, ಆ ದಿನ ಸಂಘದವರ ಮುಖ ನೋಡಲಾಗಲಿಲ್ಲ.

ಆಮೇಲೆ ಕಲಿತದ್ದು ಇದು. ಕರೆಗೆ ಎಸ್‌ಐಪಿ, ಕಾರ್ಡ್ ಓದುವ ರೀಡರ್‌ಗೆ ಒಎಸ್‌ಡಿಪಿ, ಕ್ಯಾಮೆರಾಗೆ ಆನ್‌ವಿಫ್. ಮೂರೂ ಎಲ್ಲರಿಗೂ ತೆರೆದಿರುವ ಪದ್ಧತಿಗಳು, ಒಬ್ಬರ ಡಬ್ಬಿ ಇನ್ನೊಬ್ಬರ ಸಾಫ್ಟ್‌ವೇರ್ ಜೊತೆ ಮಾತಾಡಲು ದಾರಿ ಇರುತ್ತದೆ. ಜೊತೆಗೆ ಎರಡು ಮಾತು ಬರೆಸಿಕೊಳ್ಳಿ: ತಿಂಗಳ ದುಡ್ಡು ನಿಲ್ಲಿಸಿದರೆ ಏನೇನು ನಿಲ್ಲುತ್ತದೆ, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ ಕೊನೆಯಿಂದ, ಮನೆಬಳಕೆಗೆ ಮಾರುವ ಇಂಥ ಸಾಧನಗಳಿಗೆ ಎಷ್ಟು ಕಾಲ ಅಪ್‌ಡೇಟ್ ಕೊಡುತ್ತೇವೆ ಅಂತ ಹೇಳುವುದನ್ನು ಕಾನೂನೇ ಕಡ್ಡಾಯ ಮಾಡಿದೆ. ನೀವು ಎಲ್ಲೇ ಇರಿ, ಕೇಳಲು ಕಾನೂನು ಬೇಕಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ನಮ್ಮಲ್ಲಿ ಈಗಾಗಲೇ ಕಾರ್ಡ್ ಇದೆ. ಕೀ ಮಾಡುವ ಅಂಗಡಿಯಲ್ಲಿ ಐದು ನಿಮಿಷದಲ್ಲಿ ನಕಲು ಮಾಡಿಕೊಟ್ಟರು. ಇದು ಹೇಗೆ ಸಾಧ್ಯ?

ಉತ್ತರ: ಐದು ನಿಮಿಷ ಜಾಸ್ತಿಯಾಯಿತು!

ನಿಮ್ಮದು 125 ಕಿಲೋಹರ್ಟ್ಸ್ ಕಾರ್ಡ್ ಇರಬೇಕು. ಅದರಲ್ಲಿ ಗುಟ್ಟು ಅನ್ನುವುದೇ ಇಲ್ಲ. ರೀಡರ್ ಹತ್ತಿರ ಹಿಡಿದರೆ ತನ್ನ ನಂಬರನ್ನು ಕೂಗಿ ಹೇಳುತ್ತದೆ, ಕೇಳಿಸಿಕೊಂಡವರು ಇನ್ನೊಂದು ಕಾರ್ಡಿಗೆ ಬರೆದುಕೊಳ್ಳಬಹುದು. 13.56 ಮೆಗಾಹರ್ಟ್ಸ್ ಕಾರ್ಡ್ ಅಂದ ಮಾತ್ರಕ್ಕೆ ಗಟ್ಟಿ ಅಂತಲೂ ಅಲ್ಲ. ಮೈಫೇರ್ ಕ್ಲಾಸಿಕ್ ಅನ್ನುವ ಕಾರ್ಡಿನ ಗುಪ್ತಲಿಪಿಯನ್ನು ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2008ರಲ್ಲೇ ಮುರಿದು ತೋರಿಸಿದರು. ಅದನ್ನು ಇವತ್ತಿಗೂ "ಸ್ಮಾರ್ಟ್ ಕಾರ್ಡ್" ಅಂತ ಮಾರುವವರಿದ್ದಾರೆ. ಗಟ್ಟಿ ಗುಪ್ತಲಿಪಿ ಇರುವ ಡೆಸ್‌ಫೈರ್ ಇವಿ2, ಇವಿ3 ಥರದ ಕಾರ್ಡ್ ಕೇಳಿ, ಅಥವಾ ಫೋನ್‌ನಲ್ಲಿರುವ ಕೀ. ಆದರೆ ರೀಡರ್ ಆ ಕಾರ್ಡಿನ ಬರೀ ಸೀರಿಯಲ್ ನಂಬರ್ ಓದುವಂತೆ ಸೆಟ್ ಆಗಿದ್ದರೆ ಡೆಸ್‌ಫೈರ್ ಕೊಂಡದ್ದೂ ದಂಡ. ಇದು ನಾನು ತುಂಬ ಕಡೆ ನೋಡಿದ್ದೇನೆ.

ಕಾರ್ಡ್ ಬದಲಿಸಿದ ಮೇಲೆ ಗೋಡೆಯೊಳಗಿನ ವೈರ್ ಇದೆ. ರೀಡರ್‌ನಿಂದ ಕಂಟ್ರೋಲರ್‌ಗೆ ನಂಬರ್ ಕಳಿಸಲು ಹೆಚ್ಚಿನ ಕಡೆ ಇನ್ನೂ ವೀಗಂಡ್ ಅನ್ನುವ ಹಳೆಯ ಪದ್ಧತಿಯೇ ಓಡುತ್ತಿದೆ. ಅದರ ಸಾಮಾನ್ಯ ರೂಪ 26 ಬಿಟ್. ಕಾರ್ಡ್ ನಂಬರಿಗೆ 16 ಬಿಟ್, ಕಟ್ಟಡದ ಕೋಡ್‌ಗೆ 8, ಉಳಿದ ಎರಡು ತಪ್ಪು ಹಿಡಿಯಲಿಕ್ಕೆ. ಅಂದರೆ ಒಂದು ಕೋಡ್‌ಗೆ 65,536 ನಂಬರ್, ಒಟ್ಟು 256 ಕೋಡ್. ಬೇರೆ ಬೇರೆ ಕಡೆ ಅದೇ ನಂಬರ್ ಮತ್ತೆ ಸಿಕ್ಕರೆ ಆಶ್ಚರ್ಯ ಇಲ್ಲ. ಅದು ಹೋಗುವುದೂ ಮುಚ್ಚುಮರೆ ಇಲ್ಲದೆ, ವೈರಿಗೆ ಪುಟ್ಟ ಸಾಧನ ಸಿಕ್ಕಿಸಿದವರಿಗೆ ಎಲ್ಲ ಗೊತ್ತಾಗುತ್ತದೆ. ಒಎಸ್‌ಡಿಪಿಯಲ್ಲಿ ಎಇಎಸ್ 128 ಗುಪ್ತಲಿಪಿ ಇದೆ. 2020ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವೂ ಆಯಿತು. ಆದರೆ ಆ ಸುರಕ್ಷಿತ ಚಾನೆಲ್ ಅನ್ನು ಯಾರಾದರೂ ಆನ್ ಮಾಡಬೇಕು. ಸುಮ್ನೆ ಸಿಕ್ಕಿಸಿ ಹೋದರೆ ಅದೂ ಬರಿಗೈಯೇ.

ಪ್ರಶ್ನೆ (ಎಲೆಕ್ಟ್ರಿಷಿಯನ್, ಹೊಸಬ): ಸರ್, ನಾನು ವೈರಿಂಗ್ ಕೆಲಸದವನು, ಈ ಕಡೆ ಬರಬೇಕು ಅಂತ ಆಸೆ. ಡೋರ್ ಸ್ಟೇಷನ್‌ನಲ್ಲೇ (ಬಾಗಿಲಲ್ಲಿರುವ ಕರೆ ಬಟನ್ನಿನ ಡಬ್ಬಿ) ರಿಲೇ, ಅಂದರೆ ಬೀಗದ ಕರೆಂಟಿನ ಸ್ವಿಚ್, ಇರುತ್ತಲ್ಲ, ಬೀಗವನ್ನು ಅಲ್ಲಿಗೇ ಕೊಟ್ಟರೆ ಕೆಲಸ ಸುಲಭ. ತಪ್ಪಾ?

ಉತ್ತರ: ತಪ್ಪು ತಮ್ಮಾ. ಹೊಸಬರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಡೋರ್ ಸ್ಟೇಷನ್ ಇರುವುದು ಬಾಗಿಲ ಹೊರಗೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಬೀಗದ ಎರಡು ತಂತಿ ಕೈಗೆ ಬರುತ್ತವೆ. ಅವನ್ನು ಒಂದಕ್ಕೊಂದು ತಾಗಿಸಿದರೆ, ಇಲ್ಲ ಕಿತ್ತರೆ, ಬೀಗ ಯಾವ ಥರದ್ದು ಅನ್ನುವುದರ ಮೇಲೆ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೇನು? ರಿಲೇ ಯಾವಾಗಲೂ ಒಳಗಿನ ಕಡೆ ಇರಲಿ. ಅದಕ್ಕೇ ಅಂತ ಸೆಕ್ಯೂರ್ ರಿಲೇ ಸಿಗುತ್ತದೆ. ನೆಟ್‌ವರ್ಕ್ ಕೇಬಲ್ ಕೂಡ ಹಾಗೇ. ಹೊರಗಿನ ಕೇಬಲ್ ಕಿತ್ತು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಕಟ್ಟಡದ ನೆಟ್‌ವರ್ಕ್ ಸಿಗಬಾರದು. ಡೋರ್ ಸ್ಟೇಷನ್‌ಗಳಿಗೆ ಬೇರೆ ವಿಎಲ್ಯಾನ್ ಮಾಡು, ಅಂದರೆ ಅದೇ ನೆಟ್‌ವರ್ಕ್‌ನಲ್ಲಿ ಅವಕ್ಕೆ ಪ್ರತ್ಯೇಕ ಭಾಗ. ವೈರಿಂಗ್ ಬರುವವನು ನೆಟ್‌ವರ್ಕ್ ಕಲಿತರೆ ಈ ಕೆಲಸದಲ್ಲಿ ಕೈ ಖಾಲಿ ಇರುವುದಿಲ್ಲ.

ಪ್ರಶ್ನೆ: ಬೆಂಕಿ ಬಿದ್ದರೆ, ಕರೆಂಟ್ ಹೋದರೆ?

ಉತ್ತರ: ಮ್ಯಾಗ್ನೆಟಿಕ್ ಲಾಕ್ ಕರೆಂಟ್ ಹೋದರೆ ತಾನಾಗಿ ಬಿಡುತ್ತದೆ. ಎಲೆಕ್ಟ್ರಿಕ್ ಸ್ಟ್ರೈಕ್‌ನಲ್ಲಿ (ಚೌಕಟ್ಟಿನಲ್ಲಿದ್ದು ಬೀಗದ ನಾಲಿಗೆ ಹಿಡಿಯುವ ಭಾಗ) ಎರಡೂ ಥರ ಇದೆ, ಕರೆಂಟ್ ಹೋದರೆ ಬಿಡುವುದೂ, ಬಿಡದೇ ಇರುವುದೂ. ಬೆಂಕಿಯ ಅಲಾರ್ಮ್ ನೇರವಾಗಿ ಲಾಕಿನ ಕರೆಂಟ್ ಕಡಿಯಬೇಕು, ಸಾಫ್ಟ್‌ವೇರ್ ಮೂಲಕ ಅಲ್ಲ. ಒಳಗಿನ ಎಕ್ಸಿಟ್ ಬಟನ್ ಕೂಡ ಹಾಗೇ. ಇದರಲ್ಲಿ ಚೌಕಾಸಿ ಬೇಡ.

ಪ್ರಶ್ನೆ (ಮೊದಲಿನ ಸದಸ್ಯೆ): ನಮ್ಮ ಅತ್ತೆಯ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಬೇಕೂ ಇಲ್ಲ ಅನ್ನುತ್ತಾರೆ. ಆಮೇಲೆ, ನಾನು ರಾತ್ರಿ ಎಷ್ಟು ಗಂಟೆಗೆ ಮನೆಗೆ ಬಂದೆ ಅಂತ ಸಂಘದವರಿಗೆಲ್ಲ ಗೊತ್ತಾಗುತ್ತಾ?

ಉತ್ತರ: ಲಾಗ್‌ನಲ್ಲಿ, ಅಂದರೆ ಯಾರು ಯಾವಾಗ ಬಂದರು ಅನ್ನುವ ದಾಖಲೆಯಲ್ಲಿ, ಇರುತ್ತದೆ ಮೇಡಂ, ನೋಡುವ ಅಧಿಕಾರ ಇದ್ದವರಿಗೆ ಗೊತ್ತಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಕೆಲವು ಬಾಡಿಗೆದಾರರು ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. ಸ್ಮಾರ್ಟ್ ಲಾಕ್ ಒಂದನ್ನೇ ಬಳಸಿ ಅಂತ ಮಾಲೀಕರು ಹೇಳಿದ್ದಕ್ಕೆ ಜಗಳ. 2019ರಲ್ಲಿ ರಾಜಿಯಾಗಿ ಮಾಮೂಲಿ ಕೀ ಸಿಕ್ಕಿತು. 2021ರಲ್ಲಿ ಆ ನಗರ ಕಾನೂನನ್ನೂ ಮಾಡಿತು, ಬಾಗಿಲ ದಾಖಲೆಯನ್ನು ಸಾಮಾನ್ಯವಾಗಿ 90 ದಿನದೊಳಗೆ ಅಳಿಸಬೇಕು ಅಂತ.

ನಿಮ್ಮ ಸಂಘದಲ್ಲೂ ಒಂದು ಸಾಲಿನ ನಿಯಮ ಮಾಡಿ: ಲಾಗ್ ಯಾರು ನೋಡಬಹುದು, ಎಷ್ಟು ದಿನ ಇರುತ್ತದೆ. ನೋಡಿದ್ದಕ್ಕೂ ಲಾಗ್ ಇರಲಿ. ಅತ್ತೆಯವರಿಗೆ ಕಾರ್ಡ್ ಕೊಡಿ, ಮನೆಯೊಳಗೆ ಒಂದು ಮಾನಿಟರ್ ಹಾಕಿಸಿ. ಆ್ಯಪ್ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವ ಸಿಸ್ಟಮ್ ಆದರೆ ನಾನಂತೂ ಕೈ ಹಾಕುವುದಿಲ್ಲ.

ಕಾರ್ಯದರ್ಶಿ (ಒಂದು ವಾರದ ಮೇಲೆ): ಸರ್, ಮೂವರಿಗೂ ಡೆಮೊ ನಡೆಯುತ್ತಿರುವಾಗಲೇ ನೆಟ್ ಕೇಬಲ್ ಕೀಳಲು ಹೇಳಿದೆ. ಒಬ್ಬರದ್ದು ಕಾರ್ಡ್ ಹಿಡಿದ ಕೂಡಲೇ ತೆರೆಯಿತು. ಒಬ್ಬರದ್ದು ತೆರೆಯಲೇ ಇಲ್ಲ. ಮೂರನೆಯವರು "ಇವತ್ತು ಬೇಡ, ಇಂಜಿನಿಯರ್ ಕರೆದುಕೊಂಡು ಬರುತ್ತೇನೆ" ಅಂತ ಹೋದವರು ಇನ್ನೂ ಬಂದಿಲ್ಲ.

ಉತ್ತರ: ತೆರೆದವರನ್ನು ಇನ್ನೊಮ್ಮೆ ಕರೆಸಿ. ಈ ಸಲ ಕೇಬಲ್ ಕಿತ್ತು ಅರ್ಧ ದಿನ ಹಾಗೇ ಬಿಡಿ, ನಡುವೆ ಕಂಟ್ರೋಲರ್‌ನ ಕರೆಂಟನ್ನೂ ಒಮ್ಮೆ ತೆಗೆದು ಹಾಕಿ. ಪಟ್ಟಿ ಬರೀ ತಾತ್ಕಾಲಿಕ ನೆನಪಿನಲ್ಲಿದ್ದರೆ ಅಲ್ಲಿ ಮರೆತುಹೋಗಿರುತ್ತದೆ. ಆಮೇಲೂ ಕಾರ್ಡಿಗೆ ತೆರೆದರೆ ದರದ ಮಾತಿಗೆ ಕೂತುಕೊಳ್ಳಿ.