ಹರಾಜಿನಲ್ಲಿ ಹಾಕಿದ ಬಿಡ್ ಹಿಂತೆಗೆಯುವುದು: 1893ರ ಎಸ್ ಗುರುತಿನ ಮೋರ್ಗನ್ ಡಾಲರ್

ಪ್ರಶ್ನೆ

ನಮಸ್ಕಾರ. ನಿನ್ನೆ ರಾತ್ರಿ ಒಂದು ಆನ್‌ಲೈನ್ ಹರಾಜಿನಲ್ಲಿ 1893ರ ಮೋರ್ಗನ್ ಡಾಲರ್ ಒಂದಕ್ಕೆ ಬಿಡ್ ಹಾಕಿದ್ದೇನೆ. ಅದು ಅಮೆರಿಕದ ಹಳೆಯ ಬೆಳ್ಳಿ ನಾಣ್ಯ, ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಎಸ್ ಗುರುತುಳ್ಳದ್ದು. ಅದರ ಚಲಾವಣೆಯ ನಾಣ್ಯಗಳು ಟಂಕಿಸಲ್ಪಟ್ಟದ್ದೇ 1,00,000 ಎಂಬುದು ತಮಗೆ ತಿಳಿದೇ ಇದೆ. ಬಹಳ ವರ್ಷಗಳಿಂದ ಹುಡುಕುತ್ತಿದ್ದ ನಾಣ್ಯ ಕಣ್ಣಿಗೆ ಬಿದ್ದ ಸಂತೋಷದಲ್ಲಿ, ಚಿತ್ರಗಳನ್ನು ಸರಿಯಾಗಿ ನೋಡದೆ ನನ್ನ ಗರಿಷ್ಠ ಮೊತ್ತವನ್ನು (ಇತರರಿಗೆ ಕಾಣದ, ತಾಣವು ನನ್ನ ಪರವಾಗಿ ಏರಿಸಬಹುದಾದ ಮಿತಿಯನ್ನು) ನಮೂದಿಸಿಬಿಟ್ಟೆ. ಬೆಳಿಗ್ಗೆ ಹಿಂಬದಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ, ಎಸ್ ಅಕ್ಷರದ ಸುತ್ತಲಿನ ಬಯಲು, ಅಂದರೆ ಸಮತಟ್ಟಾದ ಜಾಗ, ಉಳಿದ ಭಾಗಕ್ಕಿಂತ ಬೇರೆ ಬಣ್ಣದ್ದಾಗಿ, ಉಜ್ಜಿದಂತೆ ಕಾಣಿಸಿತು. ಎಸ್ ಅನ್ನು ಯಾರೋ ಆಮೇಲೆ ಅಂಟಿಸಿರಬಹುದೆಂಬ ಅನುಮಾನ ಬಂದಿದೆ. ನಾಣ್ಯವು ಅಸಲಿಯೆಂದು ಪರೀಕ್ಷಿಸಿ ಮುಚ್ಚಿಕೊಡುವ ಯಾವುದೇ ಪರಿಶೀಲನಾ ಸಂಸ್ಥೆಯ ಪೆಟ್ಟಿಗೆಯಲ್ಲಿಲ್ಲ. ಈಗ ನನ್ನದೇ ಅತಿ ಹೆಚ್ಚಿನ ಬಿಡ್ ಆಗಿದ್ದು, ಹರಾಜು ಮುಗಿಯಲು ಇನ್ನೂ 31 ಗಂಟೆ ಇದೆ. ಬಿಡ್ ಹಿಂತೆಗೆಯಲು ಹೋದರೆ ತಾಣವು ಕಾರಣ ಕೇಳುತ್ತಿದೆ. ಅಲ್ಲಿರುವ ಕಾರಣಗಳಲ್ಲಿ ‘ನಾಣ್ಯದ ಮೇಲೆ ಅನುಮಾನ ಬಂದಿದೆ’ ಎಂಬುದು ಇಲ್ಲ. ‘ಮೊತ್ತ ತಪ್ಪಾಗಿ ನಮೂದಾಯಿತು’ ಎಂಬುದನ್ನು ಆರಿಸಿ ಹೊರಬರಬಹುದೇ? ಅಥವಾ ಬೇರೆ ಯಾರಾದರೂ ನನ್ನ ಮೇಲೆ ಬಿಡ್ ಹಾಕುವವರೆಗೆ ಸುಮ್ಮನಿರುವುದು ಲೇಸೇ? ದಯವಿಟ್ಟು ತಿಳಿದವರು ಸಲಹೆ ಕೊಡಬೇಕು.

ಮೊದಲ ಉತ್ತರ

ನಮಸ್ಕಾರ. ತಾಣದ ಹೆಸರನ್ನು ನೀವು ಹೇಳಿಲ್ಲವಾದ್ದರಿಂದ ಇಬೇ ಎಂಬ ಹರಾಜು ತಾಣದ ನಿಯಮಗಳನ್ನು ಮಾದರಿಯಾಗಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮ ತಾಣದ ಸಹಾಯ ಪುಟದಲ್ಲಿ ಒಮ್ಮೆ ಹೋಲಿಸಿ ನೋಡಿಕೊಳ್ಳಿ.

ಅಲ್ಲಿ ಬಿಡ್ ಹಾಕುವುದೆಂದರೆ ಗೆದ್ದರೆ ಕೊಳ್ಳುತ್ತೇನೆ ಎಂದು ಮಾತು ಕೊಟ್ಟಂತೆ. ಹಿಂತೆಗೆಯಲು ಒಪ್ಪುವ ಸಂದರ್ಭಗಳು ಮೂರೇ: ಮೊತ್ತವನ್ನು ಕೈತಪ್ಪಿ ನಮೂದಿಸಿದ್ದು, ನೀವು ಬಿಡ್ ಹಾಕಿದ ಮೇಲೆ ವಸ್ತುವಿನ ವಿವರಣೆ ಗಣನೀಯವಾಗಿ ಬದಲಾದದ್ದು, ಮಾರಾಟಗಾರರನ್ನು ಸಂಪರ್ಕಿಸಲು ಸಾಧ್ಯವೇ ಆಗದಿರುವುದು. ಮನಸ್ಸು ಬದಲಾಯಿತು ಎಂಬುದು ಕಾರಣವಲ್ಲ. ಕಾರಣ ಸರಿಯಿದ್ದರೂ ಸಮಯದ ಲೆಕ್ಕ ಬೇರೆ ಇದೆ. ಹರಾಜು ಮುಗಿಯಲು 12 ಗಂಟೆಗಿಂತ ಹೆಚ್ಚು ಇದ್ದರೆ ಹಿಂತೆಗೆಯಬಹುದು, ಆಗ ಆ ವಸ್ತುವಿನ ಮೇಲಿನ ನಿಮ್ಮ ಎಲ್ಲ ಬಿಡ್‌ಗಳೂ ಅಳಿಯುತ್ತವೆ. ಕೊನೆಯ 12 ಗಂಟೆಯೊಳಗೆ ಹಾಕಿದ ಬಿಡ್ ಆಗಿದ್ದರೆ, ಹಾಕಿದ ಒಂದು ಗಂಟೆಯೊಳಗೆ ಮಾತ್ರ ಹಿಂತೆಗೆಯಬಹುದು, ಆಗಲೂ ಅಳಿಯುವುದು ತೀರ ಇತ್ತೀಚಿನದು ಒಂದೇ. ನಿಮ್ಮ ಬಿಡ್‌ಗೆ ಈ ಒಂದು ಗಂಟೆಯ ಅವಕಾಶವಿಲ್ಲ. ನಿಮಗೆ ಉಳಿದಿರುವುದು 31ರಲ್ಲಿ 12 ಕಳೆದ 19 ಗಂಟೆ ಎಂದು ಲೆಕ್ಕ ಹಾಕಿಕೊಳ್ಳಿ.

ಮೊತ್ತ ತಪ್ಪಾಯಿತು ಎಂಬ ಸುಳ್ಳು ಕಾರಣ ಕೊಡಬೇಡಿ ಎಂದು ಒತ್ತಿ ಹೇಳುತ್ತೇನೆ. ಆ ಕಾರಣ ಕೊಟ್ಟವರು ಕೂಡಲೇ ಸರಿಯಾದ ಮೊತ್ತದಿಂದ ಮತ್ತೆ ಬಿಡ್ ಹಾಕಬೇಕೆಂಬುದೇ ನಿಯಮದ ಆಶಯ, ನೀವು ಹಾಕುವುದಿಲ್ಲ. ಹಿಂತೆಗೆತವು ಬಿಡ್‌ಗಳ ಇತಿಹಾಸದಲ್ಲಿ ದಾಖಲಾಗಿ ಇತರರಿಗೂ ಕಾಣುತ್ತದೆ. ದೊಡ್ಡ ಮೊತ್ತ ಹಾಕಿ, ಎದುರಾಳಿಯ ಗುಟ್ಟಿನ ಗರಿಷ್ಠ ಎಷ್ಟೆಂದು ತಿಳಿದುಕೊಂಡು, ನಂತರ ಅದನ್ನು ಹಿಂತೆಗೆಯುವ ಕುತಂತ್ರಿಗಳು ಇರುವುದರಿಂದಲೇ ಮಾರಾಟಗಾರರು ಈ ದಾಖಲೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಸುಮ್ಮನೆ ಕಾಯುವುದೂ ಸುರಕ್ಷಿತವಲ್ಲ. ಬೇರೆಯವರು ನಿಮ್ಮನ್ನು ಮೀರಿಸಿದರೆ ಬಿಡುಗಡೆಯಾಯಿತು ಎಂದು ಅನೇಕರು ಭಾವಿಸುತ್ತಾರೆ. ಆದರೆ ನಿಮ್ಮ ಮೇಲಿನವರು ತಮ್ಮ ಬಿಡ್ ಹಿಂತೆಗೆದರೆ ತಾಣವು ಎಲ್ಲವನ್ನೂ ಮರಳಿ ಲೆಕ್ಕ ಹಾಕುತ್ತದೆ, ನೀವು ಮತ್ತೆ ಮೊದಲ ಸ್ಥಾನಕ್ಕೆ ಬರುತ್ತೀರಿ. ಅದೂ ಅಲ್ಲದೆ, ನಕಲಿಯೆಂದು ನಿಮಗೇ ಅನ್ನಿಸಿದ ನಾಣ್ಯವನ್ನು ಇನ್ನೊಬ್ಬ ಸಂಗ್ರಾಹಕರ ತಲೆಗೆ ಕಟ್ಟಿ ನಿಟ್ಟುಸಿರು ಬಿಡುವುದು ನನಗಂತೂ ಹಿತವೆನಿಸುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು: ಮಾರಾಟಗಾರರಿಗೆ ತಾಣದ ಸಂದೇಶ ವ್ಯವಸ್ಥೆಯ ಮೂಲಕವೇ ಬರೆಯಿರಿ. ಆರೋಪ ಮಾಡದೆ, ಎಸ್ ಗುರುತಿನ ಸುತ್ತಲಿನ ಬಯಲಿನ ಬಗ್ಗೆ ನಿಮಗಿರುವ ಸಂಶಯವನ್ನು ಹೇಳಿ, ನಿಮ್ಮ ಬಿಡ್ ರದ್ದು ಮಾಡಲು ವಿನಂತಿಸಿ. ಹರಾಜು ಮುಗಿಯುವ ಮುನ್ನ ಬಿಡ್ ರದ್ದು ಮಾಡುವ ಅಧಿಕಾರ ಅವರಿಗೆ ಇದೆ, ಒಪ್ಪುವ ಬಾಧ್ಯತೆ ಇಲ್ಲ. ಜೊತೆಗೆ ಮುಂಬದಿಯ ಒಂದು ದೊಡ್ಡ ಚಿತ್ರವನ್ನೂ ಕೇಳಿ. 1893ರ ಎಸ್ ಡಾಲರ್‌ಗಳಿಗೆಲ್ಲ ಮುಂಬದಿಗೆ ಬಳಸಿದ್ದು ಒಂದೇ ಅಚ್ಚು. ಆದ್ದರಿಂದ ಅಸಲಿ ನಾಣ್ಯದಲ್ಲಿ ಲಿಬರ್ಟಿ ಎಂಬ ಪದದ ಟಿ ಅಕ್ಷರದ ಮೇಲ್ಭಾಗದಲ್ಲಿ ಓರೆಯಾದ ಒಂದು ಸಣ್ಣ ಉಬ್ಬುಗೆರೆ ಕಾಣಬೇಕು. ಫಿಲಡೆಲ್ಫಿಯ ಟಂಕಸಾಲೆಯ, ಗುರುತಿಲ್ಲದ 1893ರ ನಾಣ್ಯಕ್ಕೆ ಎಸ್ ಅಂಟಿಸಿದವರು ಹಿಂಬದಿಯನ್ನಷ್ಟೇ ತಿದ್ದುತ್ತಾರೆ, ಈ ಗೆರೆ ಅವರ ಕೈಗೆ ಸಿಗುವುದಿಲ್ಲ. ತೂಕವನ್ನು ಕೇಳಿ ಪ್ರಯೋಜನವಿಲ್ಲ. ಮೂಲ ನಾಣ್ಯವೇ ಅಸಲಿಯಾದ್ದರಿಂದ 26.73 ಗ್ರಾಂ ತೂಕ, 38.1 ಮಿಲಿಮೀಟರ್ ವ್ಯಾಸ, 90 ಶೇಕಡಾ ಬೆಳ್ಳಿ ಎಲ್ಲವೂ ಸರಿಯಾಗಿಯೇ ಇರುತ್ತವೆ.

ನಡುವೆ ಒಂದು ಪ್ರಶ್ನೆ

ಕ್ಷಮಿಸಿ, ಇದೇ ವಿಷಯವಾದ್ದರಿಂದ ಇಲ್ಲಿಯೇ ಕೇಳುತ್ತಿದ್ದೇನೆ. ನಾನು 450 ಎಂದು ಬರೆಯಲು ಹೋಗಿ 4500 ಎಂದು ಬರೆದಿದ್ದೇನೆ. ಹರಾಜು ಮುಗಿಯಲು ಎರಡು ಗಂಟೆ ಇದೆ, ಬಿಡ್ ಹಾಕಿ ಹತ್ತು ನಿಮಿಷವಾಗಿದೆ. ಸದ್ಯದ ಬೆಲೆ 310 ಮಾತ್ರ ತೋರಿಸುತ್ತಿರುವುದರಿಂದ ಹಾಗೆಯೇ ಬಿಡಬಹುದೇ?

ಉತ್ತರ

ಬಿಡಬೇಡಿ. 310 ಎಂದು ಕಾಣುವುದು ತಾಣವು ನಿಮ್ಮ ಪರವಾಗಿ ಹಂತಹಂತವಾಗಿ ಏರಿಸುತ್ತಿರುವ ಬೆಲೆ. ಇನ್ನೊಬ್ಬರು 4000 ಹಾಕಿದರೆ ಅದು ಕ್ಷಣದಲ್ಲಿ 4000ವನ್ನು ದಾಟುತ್ತದೆ. ನಿಮ್ಮದು ನಿಜವಾದ ಕೈತಪ್ಪು, ಒಂದು ಗಂಟೆಯೂ ಮುಗಿದಿಲ್ಲ. ಈಗಲೇ ಹಿಂತೆಗೆದು 450ನ್ನು ಮತ್ತೆ ನಮೂದಿಸಿ. ಉಳಿದ ಮಾತು ಆಮೇಲೆ.

ಎರಡನೆಯ ಉತ್ತರ

ಮೂಲ ಪ್ರಶ್ನೆಗೆ ಮರಳೋಣ. ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಅಂಶವನ್ನಷ್ಟೇ ಸೇರಿಸುತ್ತೇನೆ. ನೀವು ಬಿಡ್ ಹಾಕಿದ ಮೇಲೆ ವಿವರಣೆಗೆ ಏನಾದರೂ ಸೇರಿದೆಯೇ ಎಂದು ಪುಟದ ಕೊನೆಯವರೆಗೆ ಹೋಗಿ ನೋಡಿದ್ದೀರಾ? ಬಿಡ್ ಬಂದ ನಂತರ ಮಾರಾಟಗಾರರು ಹಳೆಯ ವಿವರಣೆಯನ್ನು ತಿದ್ದದೆ ಕೆಳಗೆ ಹೊಸ ಸಾಲುಗಳನ್ನು ಸೇರಿಸುತ್ತಾರೆ, ಅದರ ಪಕ್ಕದಲ್ಲಿ ದಿನಾಂಕ ಮತ್ತು ಸಮಯ ಇರುತ್ತದೆ. ಓದುವವರು ಕಡಿಮೆ.

ಹರಾಜಿನ ಕಾನೂನು ತಿಳಿದವರು, ಮಾರಾಟ ಮುಗಿಯಿತೆಂದು ಹರಾಜುದಾರನ ಸುತ್ತಿಗೆ ಬೀಳುವವರೆಗೆ ಯಾರು ಬೇಕಾದರೂ ಬಿಡ್ ಹಿಂತೆಗೆಯಬಹುದಲ್ಲ ಎಂದು ಇಲ್ಲಿ ವಾದಿಸುವುದುಂಟು. ಅದು ನಿಜ, ಬಹಳ ಹಳೆಯ ತತ್ವ. 1789ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಪೇನ್ ಮತ್ತು ಕೇವ್ ನಡುವಿನ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. ಮದ್ಯ ಬಟ್ಟಿ ಇಳಿಸುವ ಸಾಧನವೊಂದಕ್ಕೆ 40 ಪೌಂಡ್ ಕೂಗಿದ್ದ ವ್ಯಕ್ತಿ, ಅದು ಇಷ್ಟು ತೂಕವಿದೆ ಎಂದು ಹರಾಜುದಾರ ಹೊಗಳಿದಾಗ, ಆ ತೂಕಕ್ಕೆ ಖಾತ್ರಿ ಕೊಡುತ್ತೀರಾ ಎಂದು ಕೇಳಿದ. ಇಲ್ಲ ಎಂಬ ಉತ್ತರ ಬಂದಿತು, ಹಾಗಾದರೆ ನನಗೆ ಬೇಡ ಎಂದು ಹಿಂದೆ ಸರಿದ. ಬಿಡ್ ಎಂಬುದು ಕೇವಲ ಪ್ರಸ್ತಾಪ, ಸುತ್ತಿಗೆ ಬಿದ್ದರಷ್ಟೇ ಒಪ್ಪಂದ ಎಂದು ನ್ಯಾಯಾಲಯ ಹೇಳಿತು. ಬ್ರಿಟನ್ನಿನ 1979ರ ಸರಕು ಮಾರಾಟ ಕಾಯ್ದೆಯ 57ನೆಯ ಸೆಕ್ಷನ್ ಮತ್ತು ಭಾರತದ 1930ರ ಕಾಯ್ದೆಯ 64ನೆಯ ಸೆಕ್ಷನ್ ಇದನ್ನೇ ಹೇಳುತ್ತವೆ. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯು, ಒಬ್ಬರು ಹಿಂತೆಗೆದರೆ ಹಿಂದಿನವರ ಬಿಡ್ ಜೀವ ಪಡೆಯುವುದಿಲ್ಲ ಎಂದೂ ಸೇರಿಸುತ್ತದೆ. ಆನ್‌ಲೈನ್ ತಾಣದಲ್ಲಿ ಇದು ಸರಿಯಾಗಿ ತಲೆಕೆಳಗು, ಹಿಂದಿನ ಬಿಡ್ ತಾನಾಗಿಯೇ ಎದ್ದು ಕೂರುತ್ತದೆ. ಅಲ್ಲಿ ಸುತ್ತಿಗೆ ಇಲ್ಲ, ಗಡಿಯಾರವಿದೆ. ಸದಸ್ಯರಾಗುವಾಗ ನೀವು ಒಪ್ಪಿದ ಷರತ್ತುಗಳಿವೆ. ಸೆಕ್ಷನ್‌ಗಳನ್ನು ಉಲ್ಲೇಖಿಸಿದರೆ ತಾಣದ ಸಹಾಯವಾಣಿಯವರು ಕರಗುವುದಿಲ್ಲ.

ನಾಣ್ಯಗಳಿಗೆಂದೇ ಇರುವ ಅನೇಕ ಹರಾಜು ಸಂಸ್ಥೆಗಳ ಷರತ್ತುಗಳು ಇನ್ನೂ ಬಿಗಿ. ಅಂಥಲ್ಲಿ ತಾಣದಲ್ಲಿ ಹಿಂತೆಗೆಯುವ ಗುಂಡಿಯನ್ನು ಹುಡುಕದೆ ನೇರವಾಗಿ ಬಿಡ್ ವಿಭಾಗಕ್ಕೆ ದೂರವಾಣಿ ಮಾಡುವುದೇ ಸರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಾನು ಬಿಡ್ ಹಾಕಿದ ಎರಡು ಗಂಟೆಗಳ ನಂತರ ಸೇರಿಸಿದ ಒಂದು ಸಾಲು ಪುಟದ ಕೊನೆಯಲ್ಲಿ ನಿಜವಾಗಿಯೂ ಇತ್ತು: ನಾಣ್ಯವು ಹಿರಿಯರಿಂದ ಬಂದದ್ದು, ಪರೀಕ್ಷೆ ಮಾಡಿಸಿಲ್ಲ, ಟಂಕಸಾಲೆಯ ಗುರುತಿಗೆ ಖಾತ್ರಿ ಕೊಡಲಾರೆ ಎಂದು. ಮೊದಲ ವಿವರಣೆಯಲ್ಲಿ ‘ನಿಸ್ಸಂಶಯವಾಗಿ ಅಸಲಿ’ ಎಂದಿತ್ತು. ಇದು ವಿವರಣೆಯ ಗಣನೀಯ ಬದಲಾವಣೆಯೆಂದು ಪರಿಗಣಿಸಬಹುದೇ?

ಮೊದಲು ಉತ್ತರಿಸಿದವರು

ಖಂಡಿತ. 1893ರ ಡಾಲರ್‌ಗೂ 1893ರ ಎಸ್ ಡಾಲರ್‌ಗೂ ಇರುವ ಬೆಲೆಯ ಅಂತರವೆಲ್ಲ ಆ ಒಂದು ಅಕ್ಷರದಲ್ಲಿದೆ, ಅದಕ್ಕೇ ಖಾತ್ರಿ ಇಲ್ಲವೆಂದ ಮೇಲೆ ಮಾರುತ್ತಿರುವ ವಸ್ತುವೇ ಬೇರೆಯಾಯಿತು. ಹಳೆಯ ಮತ್ತು ಹೊಸ ಸಾಲುಗಳೆರಡೂ ಸಮಯದೊಂದಿಗೆ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಆ ಕಾರಣವನ್ನೇ ಆರಿಸಿ ಹಿಂತೆಗೆಯಿರಿ. ನಿಮ್ಮ ಕೈಯಲ್ಲಿ ಸತ್ಯವಾದ ಕಾರಣವೇ ಇದ್ದಾಗ ಸುಳ್ಳಿನ ಅಗತ್ಯವೇನಿತ್ತು? ಮಾರಾಟಗಾರರಿಗೆ ಎರಡು ಸಾಲು ಬರೆಯುವುದನ್ನು ಮಾತ್ರ ಬಿಡಬೇಡಿ. ಅವರು ಖಾತ್ರಿ ಇಲ್ಲವೆಂದು ತಾವಾಗಿಯೇ ಬರೆದದ್ದನ್ನು ನೋಡಿದರೆ ಮೋಸಗಾರರೆನಿಸುವುದಿಲ್ಲ, ಬಹುಶಃ ಅವರಿಗೂ ತಿಳಿಯದು.

ಪ್ರಶ್ನೆ ಕೇಳಿದವರು

ಹರಾಜು ಮುಗಿಯಲು 22 ಗಂಟೆ ಇದ್ದಾಗ ಬಿಡ್ ಹಿಂತೆಗೆದೆ. ಇತಿಹಾಸದಲ್ಲಿ ಕಾರಣದ ಸಮೇತ ದಾಖಲಾಗಿದೆ, ನನ್ನ ಕೆಳಗಿದ್ದವರು ಮೊದಲ ಸ್ಥಾನಕ್ಕೆ ಬಂದರು. ಮಾರಾಟಗಾರರು ಸಂದೇಶಕ್ಕೆ ಸೌಜನ್ಯದಿಂದಲೇ ಉತ್ತರಿಸಿ ಮುಂಬದಿಯ ದೊಡ್ಡ ಚಿತ್ರವನ್ನು ಕಳುಹಿಸಿದರು. ಟಿ ಅಕ್ಷರದ ಮೇಲ್ಭಾಗ ಚೆನ್ನಾಗಿಯೇ ಉಳಿದಿದೆ, ಆದರೆ ಗೆರೆ ಇಲ್ಲ. ಅದನ್ನು ಅವರಿಗೆ ತಿಳಿಸಿದೆ. ಸಂಜೆಯ ಹೊತ್ತಿಗೆ ಅವರು ಉಳಿದ ಬಿಡ್‌ಗಳನ್ನೂ ರದ್ದು ಮಾಡಿ ಹರಾಜನ್ನೇ ನಿಲ್ಲಿಸಿದ್ದಾರೆ, ನಾಣ್ಯವನ್ನು ಪರೀಕ್ಷೆಗೆ ಕಳುಹಿಸುವುದಾಗಿ ಬರೆದಿದ್ದಾರೆ.