ಅಮೆರಿಕದ ಕಾಲೇಜುಗಳಲ್ಲಿ ಬಿಳಿಯೇತರ ವಿದ್ಯಾರ್ಥಿಗಳಿಗಿರುವ ವಿದ್ಯಾರ್ಥಿವೇತನ ಮತ್ತು ಇಂಟರ್ನ್‌ಶಿಪ್: ನಮ್ಮ ಮಕ್ಕಳು ಎಲ್ಲಿ ಅರ್ಜಿ ಹಾಕಬಹುದು?

ಪ್ರಶ್ನೆ: ತುಂಗೆಯ ಮಗಳು, ಮೇರಿಲ್ಯಾಂಡ್

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಕಡೆಯವರು, ಬಹಳ ವರ್ಷಗಳಿಂದ ಮೇರಿಲ್ಯಾಂಡ್‌ನಲ್ಲಿ ನೆಲೆಸಿದ್ದೇವೆ. ಮಗಳು ಇಲ್ಲಿಯೇ ಹುಟ್ಟಿದವಳು. ಈಗ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಜೀವಶಾಸ್ತ್ರದ ಎರಡನೆಯ ವರ್ಷದಲ್ಲಿದ್ದಾಳೆ. ಕಳೆದ ವರ್ಷದ ಕೊನೆಯಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಹಲವು ತಿಂಗಳ ನಂತರ ಬೇರೆ ಕೆಲಸ ಸಿಕ್ಕಿದೆಯಾದರೂ ಸಂಬಳ ಮೊದಲಿನದಕ್ಕಿಂತ ತೀರಾ ಕಡಿಮೆ. ಆದರೆ ಕಾಲೇಜಿನಿಂದ ಬರುವ ಶುಲ್ಕದ ಬಿಲ್ಲಿನಲ್ಲಿ ಏನೂ ಕಡಿಮೆಯಾಗಿಲ್ಲ.

ಮಗಳ ಗೆಳತಿಯರು ಅವಳಿಗೆ 'ಸ್ಟೂಡೆಂಟ್ಸ್ ಆಫ್ ಕಲರ್' ಎಂಬ ತಲೆಬರಹದ ಹಲವು ವಿದ್ಯಾರ್ಥಿವೇತನಗಳ ಮತ್ತು ಬೇಸಿಗೆ ಇಂಟರ್ನ್‌ಶಿಪ್‌ಗಳ ಪಟ್ಟಿ ಕಳುಹಿಸುತ್ತಿದ್ದಾರೆ. ನನಗಿರುವ ಮೊದಲ ಸಂದೇಹವೆಂದರೆ, ಭಾರತೀಯ ಮೂಲದ ಮಕ್ಕಳು ಇವಕ್ಕೆ ಅರ್ಹರೇ ಎಂಬುದು. ಎರಡನೆಯದು ಅದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಾಡುತ್ತಿದೆ. ನಾವಿಬ್ಬರೂ ಓದಿದವರು, ಮಗಳಿಗೆ ಮನೆಯಲ್ಲಿ ಕೇಳಿದ ಪುಸ್ತಕ, ಟ್ಯೂಷನ್ ಎಲ್ಲವೂ ಸಿಕ್ಕಿದೆ. ತಲೆಮಾರುಗಳಿಂದ ಹೊರಗಿಡಲ್ಪಟ್ಟ ಕಪ್ಪು ಜನರ ಮಕ್ಕಳಿಗೆಂದು ಇಟ್ಟ ಹಣಕ್ಕೆ ನಮ್ಮವಳು ಕೈಚಾಚಿದರೆ ಅದು ನ್ಯಾಯವಾಗುತ್ತದೆಯೇ? ಜೊತೆಗೆ, ನನ್ನ ತಂಗಿಯ ಮಗ ಬೆಂಗಳೂರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದು ಟೆಕ್ಸಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ. ಅವನಿಗೂ ಇವು ಅನ್ವಯಿಸುತ್ತವೆಯೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಚೆಸಪೀಕ್ ಕನ್ನಡಿಗ

ಮೇಡಂ, ನಾನು ಕಾಲೇಜೊಂದರ ಹಣಕಾಸು ನೆರವಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಬರುವ ಮೊದಲು, ನೀವು ಕೇಳದೆ ಇರುವ, ಆದರೆ ನಿಮ್ಮ ಪರಿಸ್ಥಿತಿಯಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದನ್ನು ಹೇಳುತ್ತೇನೆ.

ಫೆಡರಲ್ ನೆರವಿನ ಅರ್ಜಿಯಾದ ಫಾಫ್ಸಾ ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕವನ್ನು ನೋಡುತ್ತದೆ. 2025-26ನೇ ಸಾಲಿನ ಅರ್ಜಿಗೆ 2023ರ ಆದಾಯ, 2026-27ನೇ ಸಾಲಿನ ಅರ್ಜಿಗೆ 2024ರ ಆದಾಯ. ಅಂದರೆ ನಿಮ್ಮ ಯಜಮಾನರು ಪೂರ್ಣ ಸಂಬಳ ಪಡೆಯುತ್ತಿದ್ದ ಕಾಲದ ಲೆಕ್ಕವೇ ಮಗಳ ಎರಡು ವರ್ಷಗಳ ನೆರವನ್ನು ನಿರ್ಧರಿಸುತ್ತದೆ. ಕೆಲಸ ಹೋದ ವಿಷಯ ಆ ಅರ್ಜಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಇಂಥ ಸಂದರ್ಭಕ್ಕಾಗಿಯೇ ಕಾಲೇಜಿನ ನೆರವಿನ ಕಚೇರಿಗೆ ಬದಲಾದ ಪರಿಸ್ಥಿತಿಯನ್ನು ನೋಡಿ ಲೆಕ್ಕವನ್ನು ತಿದ್ದುವ 'ಪ್ರೊಫೆಷನಲ್ ಜಡ್ಜ್‌ಮೆಂಟ್' ಎಂಬ ಅಧಿಕಾರವನ್ನು ಕಾನೂನು ಕೊಟ್ಟಿದೆ. ಕೆಲಸದಿಂದ ತೆಗೆದ ಪತ್ರ, ಕೊನೆಯ ಸಂಬಳದ ಚೀಟಿ, ನಿರುದ್ಯೋಗ ಭತ್ಯೆ ಬಂದಿದ್ದರೆ ಅದರ ದಾಖಲೆ ಮತ್ತು ಈಗಿನ ಕೆಲಸದ ಸಂಬಳದ ಚೀಟಿ, ಇಷ್ಟನ್ನು ಲಗತ್ತಿಸಿ, ಮಗಳ ಹೆಸರಿನಲ್ಲಿ ಒಂದು ಪುಟ ಮೀರದ ಪತ್ರ ಬರೆದು ಮರುಪರಿಶೀಲನೆ ಕೋರಿ. ಪತ್ರದಲ್ಲಿ ಕಷ್ಟದ ವರ್ಣನೆಗಿಂತ ತಾರೀಖು ಮತ್ತು ಅಂಕಿಗಳು ಸ್ಪಷ್ಟವಾಗಿರಲಿ, ಏಕೆಂದರೆ ಕಡತ ನೋಡುವವರಿಗೆ ಬೇಕಾಗುವುದು ಅವೇ. ಆದಾಯ ಸಾಕಷ್ಟು ಇಳಿದಿದ್ದರೆ, ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಕೂಡ ಸಿಗಬಹುದು. 2025-26ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್, ಮತ್ತು ಅದನ್ನು ಹಿಂದಿರುಗಿಸಬೇಕಾಗಿಲ್ಲ. ಪೆಲ್ ಅರ್ಹತೆ ಬಂದರೆ ಅದನ್ನೇ ಷರತ್ತಾಗಿಟ್ಟುಕೊಂಡ ಬೇರೆ ವಿದ್ಯಾರ್ಥಿವೇತನಗಳ ಬಾಗಿಲೂ ತೆರೆಯುತ್ತದೆ. ವಿದೇಶದಲ್ಲಿ ಒಂದು ಅವಧಿ ಓದಲು ಅಥವಾ ಇಂಟರ್ನ್‌ಶಿಪ್ ಮಾಡಲು ನೆರವಾಗುವ ಗಿಲ್ಮನ್ ವಿದ್ಯಾರ್ಥಿವೇತನ ಅಂಥದ್ದೊಂದು.

ಮೇರಿಲ್ಯಾಂಡ್‌ನವರಿಗೆ ಮಾತ್ರ ಇರುವ ಇನ್ನೊಂದು ದಾರಿಯನ್ನು ನಮ್ಮವರಲ್ಲಿ ಬಳಸಿಕೊಳ್ಳುವವರು ಕಡಿಮೆ. ಈ ರಾಜ್ಯದ 47 ಶಾಸನ ಕ್ಷೇತ್ರಗಳ ಸೆನೆಟರ್‌ಗಳೂ ಡೆಲಿಗೇಟ್‌ಗಳೂ ತಮ್ಮ ಕ್ಷೇತ್ರದ ವಿದ್ಯಾರ್ಥಿಗಳಿಗೆ ರಾಜ್ಯದ ಹಣದಿಂದ ವಿದ್ಯಾರ್ಥಿವೇತನ ಕೊಡುತ್ತಾರೆ. ಜನಾಂಗದ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ನಿಮ್ಮ ಕ್ಷೇತ್ರದ ಪ್ರತಿನಿಧಿಗಳ ಕಚೇರಿಗಳಿಗೆ ಬೇರೆಬೇರೆಯಾಗಿ ಪತ್ರ ಬರೆದು ವಿಚಾರಿಸಬೇಕು, ರಾಜ್ಯ ನೆರವಿನ ಗಡುವಾದ ಮಾರ್ಚ್ 1ರೊಳಗೆ ಫಾಫ್ಸಾ ಸಲ್ಲಿಸಿರಬೇಕು. ಮೊತ್ತ ದೊಡ್ಡದಿರಲಿಕ್ಕಿಲ್ಲ, ಆದರೆ ದೇಶದಾದ್ಯಂತ ಲಕ್ಷಾಂತರ ಮಕ್ಕಳು ಸ್ಪರ್ಧಿಸುವ ವಿದ್ಯಾರ್ಥಿವೇತನಕ್ಕಿಂತ ಇಲ್ಲಿ ಸಿಗುವ ಸಂಭವ ಹೆಚ್ಚು.

ಅರ್ಜಿ ಶುಲ್ಕ ಕೇಳುವ ಯಾವ ವಿದ್ಯಾರ್ಥಿವೇತನಕ್ಕೂ ಹಣ ಕಟ್ಟಬೇಡಿ.

ಉತ್ತರ: ಹಾಸನದ ಮೇಷ್ಟ್ರು

ತಾಯಿ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಬೇಕೆನಿಸಿತು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು, ಈ ಕಾರ್ಯಕ್ರಮಗಳ ವಿದ್ಯಾರ್ಥಿಗಳನ್ನು ಹತ್ತಿರದಿಂದ ಕಂಡಿದ್ದೇನೆ.

ಇವು ಹುಟ್ಟಿದ ಕಾಲವನ್ನು ನೋಡಿದರೆ ಉದ್ದೇಶ ಅರ್ಥವಾಗುತ್ತದೆ. ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಿಗೆ ಒಟ್ಟಾಗಿ ನಿಧಿ ಸಂಗ್ರಹಿಸಲು ಅಂಥದ್ದೇ ಕಾಲೇಜಾದ ಟಸ್ಕೀಗಿಯ ಅಧ್ಯಕ್ಷರಾಗಿದ್ದ ಫ್ರೆಡರಿಕ್ ಪ್ಯಾಟರ್ಸನ್ ಅವರ ಮುಂದಾಳತ್ವದಲ್ಲಿ 1944ರಲ್ಲಿ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಸ್ಥಾಪನೆಯಾದಾಗ, ದಕ್ಷಿಣದ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳು ಆ ಮಕ್ಕಳನ್ನು ಒಳಗೇ ಬಿಡುತ್ತಿರಲಿಲ್ಲ. ಕಂಪನಿಗಳ ಕಚೇರಿಗಳಲ್ಲಿ ಕಪ್ಪು ಯುವಕರಿಗೆ ವೇತನ ಸಹಿತ ಇಂಟರ್ನ್‌ಶಿಪ್ ಕೊಡಿಸಲು ಇನ್‌ರೋಡ್ಸ್ ಶಿಕಾಗೋದಲ್ಲಿ 1970ರಲ್ಲಿ ಆರಂಭವಾಯಿತು. ಹಿಸ್ಪಾನಿಕ್ ಸ್ಕಾಲರ್‌ಶಿಪ್ ಫಂಡ್ 1975ರದ್ದು, ಮೂಲನಿವಾಸಿಗಳಿಗಾಗಿ ಅಮೆರಿಕನ್ ಇಂಡಿಯನ್ ಕಾಲೇಜ್ ಫಂಡ್ 1989ರದ್ದು. ಹೊರಗಿಟ್ಟವರನ್ನು ಒಳಕ್ಕೆ ಕರೆತರಲು ಸರ್ಕಾರವೂ ಸಮಾಜವೂ ಹಣ ತೆಗೆದಿಡಬೇಕೆಂಬ ವಿಚಾರ ಕನ್ನಡಿಗರಿಗೆ ಹೊಸದೇನಲ್ಲ. ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಕೊಡುವ ಬಗೆಯನ್ನು ಪರಿಶೀಲಿಸಲು ಮೈಸೂರು ಸಂಸ್ಥಾನ 1918ರಲ್ಲಿಯೇ ಮಿಲ್ಲರ್ ಸಮಿತಿಯನ್ನು ನೇಮಿಸಿತ್ತು.

ವಿಜ್ಞಾನ ಕ್ಷೇತ್ರದಲ್ಲಿ ಈ ಸಂಸ್ಥೆಗಳು 'ಪ್ರಾತಿನಿಧ್ಯ ಕಡಿಮೆಯಿರುವ ಸಮುದಾಯ' ಎಂದು ಗುರುತಿಸುತ್ತ ಬಂದದ್ದು ಕಪ್ಪು ಜನರನ್ನು, ಹಿಸ್ಪಾನಿಕ್ ಸಮುದಾಯವನ್ನು, ಅಮೆರಿಕ, ಅಲಾಸ್ಕಾ ಮತ್ತು ಹವಾಯಿಯ ಮೂಲನಿವಾಸಿಗಳನ್ನು. ಪ್ರಯೋಗಾಲಯಗಳಲ್ಲಿ ಭಾರತೀಯರ ಸಂಖ್ಯೆ ಸಾಕಷ್ಟಿರುವುದರಿಂದ ನಾವು ಅದರಲ್ಲಿಲ್ಲ. ಹಾಗಾಗಿ ಒಂದು ಅರ್ಜಿ ಈ ಅರ್ಥದಲ್ಲಿಯೇ ಕೇಳುತ್ತಿದ್ದರೆ ನಮ್ಮ ಮಕ್ಕಳು ಅದನ್ನು ಬಿಟ್ಟು ಮುಂದೆ ಹೋಗಬೇಕು, ಅಷ್ಟೇ. 'ಮನೆತನದಲ್ಲಿ ಮೊದಲು ಕಾಲೇಜಿಗೆ ಹೋದವರು' ಎಂಬ ಕಾಲಂ ವಿಷಯವೂ ಹಾಗೆಯೇ. ತಂದೆತಾಯಿ ಭಾರತದಲ್ಲಿ ಪಡೆದ ಪದವಿಯೂ ಪದವಿಯೇ. ಅಮೆರಿಕದ ಕಾಲೇಜಿಗೆ ಮಗಳೇ ಮೊದಲಿಗಳು ಎಂಬ ನೆಪದಲ್ಲಿ ಅಲ್ಲಿ ಗುರುತು ಹಾಕುವುದು ಸರಿಯಲ್ಲ.

ಆದರೆ ಎಲ್ಲವೂ ಅದೇ ಬಗೆಯವಲ್ಲ, ನಿಮ್ಮ ರಾಜ್ಯದಲ್ಲಿಯೇ ಅದಕ್ಕೊಂದು ನಿದರ್ಶನವಿದೆ. ಬಾಲ್ಟಿಮೋರ್ ಬಳಿಯ ಯುಎಂಬಿಸಿ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಸ್ಥಾಪನೆಯಾದ, ವಿಜ್ಞಾನ ಓದುವವರಿಗೆ ವಿದ್ಯಾರ್ಥಿವೇತನ ಕೊಡುವ ಮೇಯರ್‌ಹಾಫ್ ಕಾರ್ಯಕ್ರಮ ಮೊದಲಿಗೆ ಕಪ್ಪು ಯುವಕರಿಗೆ ಮಾತ್ರ ಮೀಸಲಾಗಿತ್ತು; ಮುಂದೆ ಯುವತಿಯರನ್ನೂ ಸೇರಿಸಿಕೊಂಡಿತು. ಇತ್ತ, ರಾಜ್ಯದ ಮುಖ್ಯ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳಿಗೆಂದೇ ಇಟ್ಟಿದ್ದ ಬ್ಯಾನೆಕರ್ ವಿದ್ಯಾರ್ಥಿವೇತನವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 1994ರಲ್ಲಿ ಅಸಾಂವಿಧಾನಿಕವೆಂದು ತೀರ್ಪಿತ್ತಿತು. 1996ರಲ್ಲಿ ಮೇಯರ್‌ಹಾಫ್ ಎಲ್ಲ ಜನಾಂಗದವರಿಗೂ ತೆರೆದುಕೊಂಡಿತು, ಆದರೆ ವಿಜ್ಞಾನದಲ್ಲಿ ವೈವಿಧ್ಯ ತರುವ ಕಾಳಜಿಯನ್ನು ಕೈಬಿಡಲಿಲ್ಲ. ಕೋವಿಡ್ ಲಸಿಕೆಯ ಸಂಶೋಧನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್‌ಮೀಕಿಯಾ ಕಾರ್ಬೆಟ್ ಆ ಕಾರ್ಯಕ್ರಮದಲ್ಲಿ ಓದಿ ಬಂದವರು. ಇಂಥ ಕಡೆ ನಿಮ್ಮ ಮಗಳು ಅರ್ಜಿ ಹಾಕಿದರೆ ಯಾರ ಪಾಲನ್ನೂ ಕಸಿದಂತಾಗುವುದಿಲ್ಲ. ಆ ಕಾರ್ಯಕ್ರಮದ ಉದ್ದೇಶಕ್ಕಾಗಿ ತಾನೇನು ಮಾಡಿದ್ದೇನೆ ಎಂಬುದನ್ನು ಅವಳು ಪ್ರಾಮಾಣಿಕವಾಗಿ ಹೇಳಬಲ್ಲಳೇ ಎಂಬುದಷ್ಟೇ ಅಲ್ಲಿ ಮುಖ್ಯ.

ಹಳೆಯ ಪಟ್ಟಿಗಳನ್ನು ನಂಬದಿರುವುದಕ್ಕೂ ಕಾರಣವಿದೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಜನಾಂಗವನ್ನು ಪರಿಗಣಿಸುವುದರ ವಿರುದ್ಧ ಕೊಟ್ಟ ತೀರ್ಪು ಪ್ರವೇಶಕ್ಕೆ ಸಂಬಂಧಿಸಿದ್ದಾದರೂ, ಅನೇಕ ಕಾಲೇಜುಗಳು ವಿದ್ಯಾರ್ಥಿವೇತನಗಳ ಷರತ್ತುಗಳನ್ನೂ ಬದಲಿಸಿದವು. ವಿದ್ಯಾರ್ಥಿವೇತನದಲ್ಲಿಯೂ ಜನಾಂಗವನ್ನು ಪರಿಗಣಿಸಬಾರದೆಂದು 2025ರ ಫೆಬ್ರವರಿಯಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಕಳುಹಿಸಿದ ಪತ್ರ ಆ ಒತ್ತಡವನ್ನು ಹೆಚ್ಚಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಲಯ ಆ ಪತ್ರವನ್ನು ರದ್ದುಗೊಳಿಸಿತು. ಈ ಹಗ್ಗಜಗ್ಗಾಟದ ನಡುವೆ ಕಳೆದ ವರ್ಷ ಒಂದು ಸಮುದಾಯಕ್ಕೆ ಸೀಮಿತವಾಗಿದ್ದದ್ದು ಈ ವರ್ಷ ಎಲ್ಲರಿಗೂ ತೆರೆದಿರಬಹುದು, ಇನ್ನೊಂದು ಪೂರ್ತಿಯಾಗಿ ನಿಂತೇ ಹೋಗಿರಬಹುದು. ಪ್ರತಿಯೊಂದರ ಈ ವರ್ಷದ ನಿಯಮಗಳನ್ನು ಆಯಾ ಸಂಸ್ಥೆಯ ಪುಟದಲ್ಲಿಯೇ ಓದಿಕೊಳ್ಳಲಿ.

ಉತ್ತರ: ಪಿಪೆಟ್ ಹಿಡಿದವಳು

ಆಂಟಿ, ನಾನು ಇಲ್ಲಿಯೇ ಬೆಳೆದು ಈಗ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವಳು. ಮೇಷ್ಟ್ರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಅದನ್ನು ಓದಿ ನಿಮ್ಮ ಮಗಳು ಯಾವುದಕ್ಕೂ ಅರ್ಜಿ ಹಾಕದೆ ಕೂರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಏಷ್ಯನ್ ಮೂಲದವರಿಗೆ ಏನೂ ಇಲ್ಲವೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. 2003ರಲ್ಲಿ ಆರಂಭವಾದ ಎಪಿಐಎ ಸ್ಕಾಲರ್ಸ್ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ವಿದ್ಯಾರ್ಥಿಗಳ ಸಲುವಾಗಿಯೇ ಹುಟ್ಟಿದ ಸಂಸ್ಥೆ, ಅಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಆದ್ಯತೆ. ಸಾರ್ವಜನಿಕ ನೀತಿಯಲ್ಲಿ ಆಸಕ್ತಿಯಿದ್ದರೆ, 1994ರಲ್ಲಿ ಸ್ಥಾಪನೆಯಾದ ಎಪಿಎಐಸಿಎಸ್ ಎಂಬ ಏಷ್ಯನ್ ಮೂಲದವರ ಸಂಸ್ಥೆ ವಾಷಿಂಗ್ಟನ್‌ನಲ್ಲಿ ಬೇಸಿಗೆ ಇಂಟರ್ನ್‌ಶಿಪ್ ನಡೆಸುತ್ತದೆ. ಪದವಿಯ ನಂತರ ಓದಲು ಪಾಲ್ ಅಂಡ್ ಡೇಸಿ ಸೊರೋಸ್ ಫೆಲೋಶಿಪ್ ಇದೆ. ವಲಸೆ ಬಂದವರಿಗೂ ಅವರ ಮಕ್ಕಳಿಗೂ ಮೀಸಲಾದ ಅದು ಪ್ರತಿವರ್ಷ 30 ಮಂದಿಯನ್ನು ಆರಿಸಿ ತಲಾ ಒಟ್ಟು 90,000 ಡಾಲರ್‌ವರೆಗೆ ಕೊಡುತ್ತದೆ, ಮತ್ತು ನಮ್ಮ ಮನೆಗಳ ಕಥೆಯೇ ಅಲ್ಲಿನ ಅರ್ಜಿಯ ಮುಖ್ಯ ಪ್ರಬಂಧವಾಗುತ್ತದೆ.

ಎರಡನೆಯ ವರ್ಷದ ಜೀವಶಾಸ್ತ್ರದ ವಿದ್ಯಾರ್ಥಿನಿಗೆ ಈಗ ಹೆಚ್ಚು ಉಪಯೋಗವಾಗುವುದು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಆರ್‌ಇಯು ಕಾರ್ಯಕ್ರಮ. ಬೇಸಿಗೆಯ ಸುಮಾರು ಹತ್ತು ವಾರ ಬೇರೊಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಬೇಕು. ಸ್ಟೈಪೆಂಡ್ ಕೊಡುತ್ತಾರೆ, ಹಲವು ಕಡೆ ವಸತಿ ಮತ್ತು ಪ್ರಯಾಣದ ಖರ್ಚನ್ನೂ ನೋಡಿಕೊಳ್ಳುತ್ತಾರೆ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. 2025ರಲ್ಲಿ ಕೆಲವು ಕಡೆ ಇದು ರದ್ದಾದದ್ದರಿಂದ ಒಂದೆರಡನ್ನೇ ನೆಚ್ಚಿಕೊಳ್ಳದೆ ಹಲವು ಕಡೆ ಅರ್ಜಿ ಹಾಕುವುದು ಒಳ್ಳೆಯದು. ಅರ್ಜಿಗಳು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ನಡುವೆ ಮುಗಿಯುತ್ತವೆ, ಆದರೆ ಶಿಫಾರಸು ಪತ್ರಕ್ಕಾಗಿ ಪ್ರಾಧ್ಯಾಪಕರನ್ನು ನವೆಂಬರ್‌ನಲ್ಲಿಯೇ ಕೇಳಬೇಕು.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ತರಗತಿಯಲ್ಲಿ ಎ ಗ್ರೇಡ್ ತೆಗೆದರೂ ಪ್ರಾಧ್ಯಾಪಕರ ಆಫೀಸ್ ಅವರ್ಸ್‌ಗೆ ಒಮ್ಮೆಯೂ ಹೋಗಿರುವುದಿಲ್ಲ. ದೊಡ್ಡವರನ್ನು ಸುಮ್ಮನೆ ತೊಂದರೆಪಡಿಸಬಾರದೆಂದು ನಾವೇ ಮನೆಯಲ್ಲಿ ಕಲಿಸಿರುತ್ತೇವೆ. ಅಂಥ ವಿದ್ಯಾರ್ಥಿಯ ಬಗ್ಗೆ ಪ್ರಾಧ್ಯಾಪಕರು 'ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಾಳೆ' ಎಂಬುದಕ್ಕಿಂತ ಹೆಚ್ಚೇನು ಬರೆಯಲು ಸಾಧ್ಯ? ಈ ಸೆಮಿಸ್ಟರ್‌ನಲ್ಲಿಯೇ ಇಬ್ಬರು ಪ್ರಾಧ್ಯಾಪಕರ ಬಳಿ ಹೋಗಿ ಅವರ ಒಂದು ಪ್ರಬಂಧವನ್ನು ಓದಿ ಬಂದ ಸಂದೇಹಗಳನ್ನು ಕೇಳಲಿ. ಅವಳಿಗೆ ಸಂಶೋಧನೆಯ ಒಲವಿದ್ದರೆ ಗೋಲ್ಡ್‌ವಾಟರ್ ವಿದ್ಯಾರ್ಥಿವೇತನದ ಬಗ್ಗೆಯೂ ವಿಚಾರಿಸಲಿ. ಎರಡು ಮತ್ತು ಮೂರನೆಯ ವರ್ಷದವರಿಗೆ ವರ್ಷಕ್ಕೆ 7,500 ಡಾಲರ್‌ವರೆಗೆ ಸಿಗುತ್ತದೆ, ಆದರೆ ನೇರವಾಗಿ ಅರ್ಜಿ ಹಾಕುವಂತಿಲ್ಲ. ಕಾಲೇಜೇ ನಾಮನಿರ್ದೇಶನ ಮಾಡಬೇಕಾದ್ದರಿಂದ ಕಾಲೇಜಿನೊಳಗಿನ ಗಡುವು ಮೊದಲೇ ಬರುತ್ತದೆ.

ತುಂಗೆಯ ಮಗಳು, ಮೇರಿಲ್ಯಾಂಡ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮರುಪರಿಶೀಲನೆಯ ಪತ್ರಕ್ಕೆ ದಾಖಲೆಗಳನ್ನು ಹೊಂದಿಸುತ್ತಿದ್ದೇವೆ. ಇನ್ನೊಂದು ಸಂದೇಹ: ಹೊರಗಿನ ವಿದ್ಯಾರ್ಥಿವೇತನ ಬಂದರೆ ಕಾಲೇಜು ತಾನು ಕೊಡುವ ನೆರವಿನಲ್ಲಿ ಅಷ್ಟನ್ನು ಕಡಿತ ಮಾಡುತ್ತದೆಂದು ಪರಿಚಯದವರೊಬ್ಬರು ಹೇಳಿದರು. ಹಾಗಿದ್ದರೆ ಅವಳ ಶ್ರಮವೆಲ್ಲ ವ್ಯರ್ಥವಲ್ಲವೇ?

ಉತ್ತರ: ಚೆಸಪೀಕ್ ಕನ್ನಡಿಗ

ಅನೇಕ ರಾಜ್ಯಗಳಲ್ಲಿ ಹಾಗೆ ಆಗುವುದುಂಟು, ಅದು ವಿದ್ಯಾರ್ಥಿಗಳಿಗೆ ಆಗುವ ನಿಜವಾದ ಅನ್ಯಾಯ. ಆದರೆ ಇದನ್ನು ಕಾನೂನಿನ ಮೂಲಕ ತಡೆದ ಮೊದಲ ರಾಜ್ಯ ಮೇರಿಲ್ಯಾಂಡ್. 2017ರ ಕಾನೂನಿನ ಪ್ರಕಾರ ಇಲ್ಲಿನ ಸರ್ಕಾರಿ ಕಾಲೇಜುಗಳು, ಒಟ್ಟು ಉಚಿತ ನೆರವು ವಿದ್ಯಾರ್ಥಿಯ ಆರ್ಥಿಕ ಅಗತ್ಯವನ್ನು ಮೀರದ ಹೊರತು, ಹೊರಗಿನ ವಿದ್ಯಾರ್ಥಿವೇತನ ಬಂತೆಂದು ತಮ್ಮ ಅನುದಾನವನ್ನು ಕಡಿತ ಮಾಡುವಂತಿಲ್ಲ. ಖಾಸಗಿ ಕಾಲೇಜುಗಳಿಗೆ ಇದು ಅನ್ವಯಿಸುವುದಿಲ್ಲ. ಹೊರಗಿನಿಂದ ಬಂದ ಪ್ರತಿಯೊಂದು ಮೊತ್ತವನ್ನೂ ಕಾಲೇಜಿಗೆ ಬರವಣಿಗೆಯಲ್ಲಿ ತಿಳಿಸಿ, ಕಡಿತ ಕಂಡುಬಂದರೆ ಕಾರಣವನ್ನೂ ಬರವಣಿಗೆಯಲ್ಲಿಯೇ ಕೇಳಿ. ವಿದ್ಯಾರ್ಥಿವೇತನದಲ್ಲಿ ಬೋಧನಾ ಶುಲ್ಕ ಮತ್ತು ಕಡ್ಡಾಯ ಪುಸ್ತಕಗಳಿಗೆ ಹೋದ ಭಾಗಕ್ಕೆ ತೆರಿಗೆಯಿಲ್ಲ, ಊಟ ಮತ್ತು ವಸತಿಗೆ ಬಳಸಿದ ಭಾಗಕ್ಕೆ ಇದೆ.

ಉತ್ತರ: ಆಸ್ಟಿನ್ ವಾಸಿ

ಅಕ್ಕಾ, ನಿಮ್ಮ ತಂಗಿಯ ಮಗನ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ. ಎಫ್-1 ವೀಸಾದವರಿಗೆ ಫಾಫ್ಸಾ, ಪೆಲ್, ಆರ್‌ಇಯು, ಗೋಲ್ಡ್‌ವಾಟರ್ ಯಾವುವೂ ಇಲ್ಲ. ಇಲ್ಲಿ ಅಡ್ಡಬರುವುದು ಜನಾಂಗವಲ್ಲ, ಪೌರತ್ವ. ಅವನಿಗಿರುವ ಮುಖ್ಯ ದಾರಿಗಳು ಎರಡು: ತನ್ನ ವಿಭಾಗವೇ ಪ್ರತಿಭೆಯ ಆಧಾರದ ಮೇಲೆ ಕೊಡುವ ವಿದ್ಯಾರ್ಥಿವೇತನ, ಮತ್ತು ವೇತನ ಸಹಿತ ಇಂಟರ್ನ್‌ಶಿಪ್. ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದ ಮೇಲೆ ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ) ಅನುಮತಿ ಪಡೆದು ಅವನು ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡಬಹುದು, ಆದರೆ ಅನುಮತಿ, ಕಾಲೇಜು ಕೊಡುವ ವೀಸಾ ದಾಖಲೆಯಾದ ಅವನ ಐ-20ಯಲ್ಲಿ ಮುದ್ರಿತವಾಗುವ ಮೊದಲು ಒಂದು ದಿನವೂ ಕೆಲಸಕ್ಕೆ ಹೋಗಬಾರದು. ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ತಲುಪಿದರೆ ಅದೇ ಪದವಿಯ ಮೇಲಿನ ಒಪಿಟಿ, ಅಂದರೆ ಓದು ಮುಗಿದ ಮೇಲೆ ಇಲ್ಲಿ ಕೆಲಸ ಮಾಡುವ ಅವಕಾಶ, ಕೈತಪ್ಪುತ್ತದೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಅದು ವಿಸ್ತರಣೆ ಸೇರಿ 36 ತಿಂಗಳಾದ್ದರಿಂದ ನಷ್ಟ ದೊಡ್ಡದು. ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಯ ಅರ್ಜಿಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿಯೇ ತೆರೆಯುತ್ತವೆ. ಅರ್ಜಿಯಲ್ಲಿ ವೀಸಾ ಪ್ರಾಯೋಜಕತ್ವ ಬೇಕೇ ಎಂದು ಕೇಳಿದಾಗ ನಿಜವನ್ನೇ ಬರೆಯಲಿ. ಅವನ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಸಲಹೆಗಾರರ ಭೇಟಿಗೆ ಈ ವಾರವೇ ಸಮಯ ಕೇಳಲು ಹೇಳಿ. ಸೆಮಿಸ್ಟರ್ ಮುಗಿಯುತ್ತ ಬಂದಂತೆ ಅಲ್ಲಿ ಸರದಿ ಉದ್ದವಾಗುತ್ತದೆ.