ಇಂಡೆಕ್ಸ್ ಅಂದ್ರೆ ಸೂಚಿಯೋ ಸೂಚ್ಯಂಕವೋ? ಸಸ್ಪೆಂಡ್, ಡಿಸೇಬಲ್, ಪರ್ಜ್‌ಗೆ ಕನ್ನಡ ಎಂತ?

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಫೈಲು ಹುಡುಕಿಕೊಡುವ ಪ್ರೋಗ್ರಾಮಿನ ಬಗ್ಗೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಬರೆಯಲಿಕ್ಕೆ ಕೂತು ಹದಿನೈದು ದಿನ ಆಯ್ತು, ನಾಲ್ಕೈದು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅದಕ್ಕೆ ನಿಮ್ಮೆಲ್ಲರ ಹತ್ರ ಕೇಳುವಾ ಅಂತ.

ನಾನು ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಟೀಚರ್, ಐಟಿ ಪೀರಿಯಡ್ ಕೂಡ ನನ್ನದೇ. ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಕಂಪ್ಯೂಟರ್ ಅಂದ್ರೆ ವಿಂಡೋಸ್ ಅಲ್ಲ, ಲಿನಕ್ಸ್, ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿ 2017ರಲ್ಲಿ ಕೈಟ್ ಅಂತ ಆದ ಯೋಜನೆಯವರು ಕೊಡುವ ಉಬುಂಟು. ಅದರಲ್ಲಿ ಪರದೆಯ ಮೇಲೆ ಕಿಟಕಿ, ಮೆನು ಎಲ್ಲ ತೋರಿಸುವ ಗ್ನೋಮ್ ಅನ್ನುವ ಡೆಸ್ಕ್‌ಟಾಪ್, ಗ್ನೋಮ್‌ನಲ್ಲಿ ಟ್ರ್ಯಾಕರ್. ನನ್ನ ಸ್ವಂತ ಲ್ಯಾಪ್‌ಟಾಪಲ್ಲಿ ಕೆಡಿಇ ಅನ್ನುವ ಇನ್ನೊಂದು ಡೆಸ್ಕ್‌ಟಾಪ್, ಅದರಲ್ಲಿ ಬಾಲೂ. ಎರಡರ ಕೆಲಸವೂ ಒಂದೇ, ನಾವು ಬೇರೇನೋ ಮಾಡ್ತಾ ಇರುವಾಗ ಹಿಂದಿನಿಂದ ನಮ್ಮ ಫೈಲುಗಳನ್ನೆಲ್ಲ ಓದಿ ಯಾವ ಪದ ಯಾವ ಫೈಲಿನಲ್ಲಿ ಉಂಟು ಅಂತ ಬರೆದಿಡೋದು, ಆಮೇಲೆ ಹುಡುಕಿದ್ರೆ ಫೈಲುಗಳನ್ನು ಮತ್ತೆ ಮೊದಲಿಂದ ಓದುವ ಬದಲು ಬರೆದಿಟ್ಟದ್ದನ್ನು ನೋಡಿ ಹೇಳ್ತದೆ. ಹೀಗೆ ಬರೆದಿಟ್ಟದ್ದಕ್ಕೇ ಇಂಗ್ಲಿಷಲ್ಲಿ ಇಂಡೆಕ್ಸ್ ಅನ್ನೋದು. ಪೆನ್‌ಡ್ರೈವಿಂದ ಒಂದು ರಾಶಿ ಪಾಠದ ಪಿಡಿಎಫ್ ಹಾಕಿದ ದಿನ ಹಳೆ ಮಿಶೀನುಗಳು ಇದರ ದೆಸೆಯಿಂದ ಉಸಿರು ಕಟ್ಟಿದ ಹಾಗೆ ಆಗ್ತವೆ, ಡಿಸ್ಕಿನ ಲೈಟು ನಿಲ್ಲೋದೇ ಇಲ್ಲ. ಆಗ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಅಂದ್ರೆ ಟರ್ಮಿನಲ್‌ನಲ್ಲಿ ಎಂತ ಟೈಪ್ ಮಾಡಿದ್ರೆ ಅದನ್ನು ಹಿಡಿತಕ್ಕೆ ತರಬಹುದು ಅಂತ ಕನ್ನಡದಲ್ಲಿ ಒಂದು ಹಾಳೆ ಮಾಡಿ ಲ್ಯಾಬಿನ ಗೋಡೆಗೆ ಅಂಟಿಸಬೇಕು, ಇಷ್ಟೇ ನನ್ನ ಆಸೆ.

ಮೊದಲ ಪದದಲ್ಲೇ ತಡೆ ಬಂತು. ನನಗೆ ಎಲ್ಲಿಂದಲೋ ಸಿಕ್ಕಿದ ಒಂದು ಅನುವಾದದ ಹಾಳೆಯಲ್ಲಿ ಇಂಡೆಕ್ಸ್‌ಗೆ ‘ಸೂಚ್ಯಂಕ’ ಅಂತ ಹಾಕಿದ್ದಾರೆ, ‘ಕಡತ ಸೂಚ್ಯಂಕ ಸೇವೆ’ ಅಂತೆ. ಸೂಚ್ಯಂಕ ಅಂದ್ರೆ ಸೂಚಿಸುವ ಅಂಕ, ಒಂದು ನಂಬರು, ಬೆಲೆ ಸೂಚ್ಯಂಕ, ಷೇರು ಸೂಚ್ಯಂಕ ಅಂತ ಪೇಪರಲ್ಲಿ ಏರ್ತದೆ ಇಳೀತದೆ. ಫೈಲುಗಳ ಇಂಡೆಕ್ಸಿನಲ್ಲಿ ಏರಲಿಕ್ಕೆ ಇಳೀಲಿಕ್ಕೆ ಎಂತದೂ ಇಲ್ಲ, ಅದು ಪುಸ್ತಕದ ಕೊನೆಯಲ್ಲಿ ಇರ್ತದಲ್ಲ, ‘ಕಣಿವೆ 14, 32, 90’ ಅಂತ, ಆ ಜಾತಿಯದ್ದು. ಈ ತಪ್ಪು ಹೇಗೆ ಹುಟ್ಟುತ್ತದೆ ಅಂತ ನನ್ನದೊಂದು ಊಹೆ ಉಂಟು. ಮಲಯಾಳದಲ್ಲಿ ‘ಸೂಚಿಕ’ ಅಂದ್ರೆ ಎರಡೂ ಆಗ್ತದೆ, ಬೆಲೆಯದ್ದೂ ಪುಸ್ತಕದ್ದೂ. ಮಲಯಾಳ ನೋಡಿ ಕನ್ನಡ ಮಾಡುವವರು ಎರಡರಲ್ಲಿ ಯಾವುದು ಅಂತ ನಿಂತು ನೋಡದೆ ಹೋದ್ರೆ ಹೀಗೇ ಆಗೋದು. ಇಂಥದ್ದು ನಮಗೆ ಹೊಸತಲ್ಲ, ಮಲಯಾಳದ ‘ಅವಕಾಶಂ’ ಅಂದ್ರೆ ಹಕ್ಕು, ನಮ್ಮ ಅವಕಾಶ ಬೇರೆ, ಅವರ ‘ಅವಸರಂ’ ಅಂದ್ರೆ ನಮ್ಮ ಅವಕಾಶ, ನಮ್ಮ ಅವಸರ ಮತ್ತೂ ಬೇರೆ. ಹಕ್ಕು ಅಂತ ಇರಬೇಕಾದಲ್ಲಿ ಅವಕಾಶ ಅಂತ ಅಚ್ಚಾಗಿ ಬಂದದ್ದನ್ನು ಗಡಿಯಲ್ಲಿ ಇರುವ ನಾವು ಬೇಕಾದಷ್ಟು ಓದಿದ್ದೇವೆ, ಓದಿ ಒಳಗೊಳಗೇ ಸಂಕಟಪಟ್ಟಿದ್ದೇವೆ.

ಹಾಗಾದ್ರೆ ಯಾವ ಪದ? ‘ಅನುಕ್ರಮಣಿಕೆ’ ಉದ್ದ ಆಯ್ತು, ಮತ್ತೆ ಹಳೆ ಪುಸ್ತಕಗಳಲ್ಲಿ ಅದು ಶುರುವಿನ ವಿಷಯಪಟ್ಟಿಗೂ ಬರ್ತದೆ. ‘ಅಕಾರಾದಿ’ ನನಗೆ ಬಹಳ ಇಷ್ಟ, ನಮ್ಮ ಅಜ್ಜ ಪುಸ್ತಕದ ಕೊನೆ ತಿರುಗಿಸುವಾಗ ‘ಅಕಾರಾದಿ ನೋಡು’ ಅಂತಲೇ ಹೇಳ್ತಿದ್ದದ್ದು. ಬಾಲೂ ತನ್ನ ಇಂಡೆಕ್ಸ್ ಇಟ್ಟುಕೊಳ್ಳೋದು ಎಲ್‌ಎಂಡಿಬಿ ಅನ್ನುವ ಡೇಟಾಬೇಸಿನಲ್ಲಿ, ಅದರೊಳಗೆ ಎಲ್ಲ ನಿಜವಾಗಿಯೂ ಕ್ರಮದಲ್ಲೇ ಇರ್ತದೆ. ಆದ್ರೆ ಆ ಕ್ರಮ ಯುನಿಕೋಡ್ ಅಂಕಿಗಳದ್ದು, ಅಂದ್ರೆ ಕಂಪ್ಯೂಟರಿಗಾಗಿ ಒಂದೊಂದು ಅಕ್ಷರಕ್ಕೂ ಕೊಟ್ಟ ನಂಬರಿನದ್ದು, ಯುನಿಕೋಡಿನಲ್ಲಿ ಳ ಇರೋದು ಲ ಮತ್ತು ವ ನಡುವೆ, ನಾವು ಒಂದನೇ ಕ್ಲಾಸಲ್ಲಿ ಕಲಿಸುವ ಹಾಗೆ ಹ ಆದ ಮೇಲೆ ಅಲ್ಲ. ಅಂದ್ರೆ ಅದು ನಮ್ಮ ಅಕಾರಾದಿ ಅಲ್ಲ ಅಂತಾಯ್ತು. ‘ಪದಸೂಚಿ’ ಅನ್ನಬಹುದು, ಆದ್ರೆ ಫೈಲಿನ ಹೆಸರು, ತಾರೀಕು, ನಮೂನೆ ಎಲ್ಲ ಅದರಲ್ಲಿ ಸೇರ್ತದೆ, ಬರೇ ಪದ ಅಲ್ಲ. ಕೊನೆಗೆ ನನಗೆ ಸರಿ ಕಂಡದ್ದು ‘ಸೂಚಿ’ ಮಾತ್ರ. ಆಗ ಕ್ರಿಯಾಪದದ ಕಷ್ಟ ಶುರು, ಯಾಕಂದ್ರೆ ‘ಸೂಚಿಸು’ ಅಂತ ಮಾಡಲಿಕ್ಕಿಲ್ಲ, ಅದಕ್ಕೆ ಆಗಲೇ ಬೇರೆ ಅರ್ಥ ಉಂಟು. ‘ಸೂಚೀಕರಿಸು’ ಮಕ್ಕಳ ಬಾಯಿಗೆ ಬರೋದಿಲ್ಲ. ಹಾಗಾಗಿ ‘ಸೂಚಿಗೆ ಸೇರಿಸು’ ಅಂತ ಬರೆದಿದ್ದೇನೆ. ಬಾಲೂಗೆ ಆಜ್ಞೆ ಕೊಡುವ ಬಾಲೂಸಿಟಿಎಲ್ (balooctl) ಅನ್ನುವ ಪ್ರೋಗ್ರಾಮಿನ ಹೆಸರಿನ ಮುಂದೆ ಇಂಡೆಕ್ಸ್ ಅಂತ ಟೈಪ್ ಮಾಡಿ ಫೈಲಿನ ಹೆಸರು ಕೊಟ್ರೆ ಆಗೋದು ಅದೇ ತಾನೇ, ಆ ಫೈಲು ಸೂಚಿಗೆ ಸೇರೋದು. ಇದಕ್ಕಿಂತ ಚಂದದ್ದು ಯಾರಿಗಾದ್ರೂ ಹೊಳೀತದಾ?

ಇನ್ನು ನಿಜವಾದ ಕಷ್ಟ. ಕಳೆದ ತಿಂಗಳು ನನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಹಾಕಿ ಒಂಬತ್ತನೇ ಕ್ಲಾಸಿನವರಿಗೆ ತೋರಿಸ್ತಾ ಇದ್ದೆ. ಹೊರಗೆ ಧೋ ಅಂತ ಮಳೆ, ಕರೆಂಟು ಹೋಗಿ ಬಂದು ಮಾಡ್ತಾ ಇತ್ತು. ಬಾಲೂಸಿಟಿಎಲ್ ಸಸ್ಪೆಂಡ್ ಅಂತ ಟೈಪ್ ಮಾಡಿ, ಅದೇ ಅನುವಾದದ ಹಾಳೆಯಲ್ಲಿ ಇದ್ದದ್ದನ್ನು ‘ಸೇವೆಯನ್ನು ಅಮಾನತುಗೊಳಿಸು’ ಅಂತ ಓದಿ ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಕೇಳಿದ್ಳು, ‘ಅದು ಎಂತ ತಪ್ಪು ಮಾಡಿದ್ದು ಟೀಚರ್?’ ಅವಳು ತಮಾಷೆಗೆ ಕೇಳಿದ್ದಲ್ಲ, ಅಮಾನತು ಅಂದ್ರೆ ತಪ್ಪು ಮಾಡಿದವರನ್ನು ಕೆಲಸದಿಂದ ನಿಲ್ಲಿಸೋದು ಅಂತ ಪೇಪರು ಓದಿ ಅವಳಿಗೆ ಗೊತ್ತು, ಅವಳು ಅರ್ಥ ಮಾಡಿಕೊಂಡದ್ದು ಸರಿಯೇ. ಪದ ತಪ್ಪು.

ಸಸ್ಪೆಂಡ್ ಅಂದ್ರೆ ಇಲ್ಲಿ ಸದ್ಯಕ್ಕೆ ನಿಲ್ಲು ಅಂತ, ಆಮೇಲೆ ರೆಸ್ಯೂಮ್ ಅಂದ್ರೆ ಮುಂದುವರಿಸ್ತದೆ, ನಾವು ಹೇಳದಿದ್ರೂ ಮುಂದಿನ ಸಲ ಲಾಗಿನ್ ಆಗುವಾಗ ಪುನಃ ತಾನೇ ಶುರು ಮಾಡ್ತದೆ. ಡಿಸೇಬಲ್ ಹಾಗಲ್ಲ. ಅದು ಬಾಲೂಫೈಲ್‌ಆರ್‌ಸಿ ಅನ್ನುವ, ಸೆಟ್ಟಿಂಗ್ ಬರೆದಿಡುವ ಫೈಲಿನಲ್ಲಿ ‘ಬೇಡ’ ಅಂತ ಬರೆದೇ ಇಡ್ತದೆ, ಇನೇಬಲ್ ಅಂತ ಹೇಳುವವರೆಗೆ ಎಷ್ಟು ಸಲ ಮಿಶೀನು ಆನ್ ಮಾಡಿದ್ರೂ ಏಳೋದಿಲ್ಲ. ನಮ್ಮ ಏತಡ್ಕದ ಕಡೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಹಾಕ್ತಾರಲ್ಲ, ಕಲ್ಲು ಮಣ್ಣು ಸೊಪ್ಪು ಹಾಕಿ, ಬೇಸಗೆಗೆ ಅಡಿಕೆ ತೋಟಕ್ಕೆ ನೀರು ಸಿಗಲಿ ಅಂತ, ಅದು ಒಂದು ಸೀಸನ್‌ಗೆ ಮಾತ್ರ, ಮುಂದಿನ ಮಳೆಗೆ ಇರೋದಿಲ್ಲ. ಸಸ್ಪೆಂಡ್ ಅಂದ್ರೆ ಕಟ್ಟ ಹಾಕಿದ ಹಾಗೆ ಅಂತ ಹೇಳಿದ್ರೆ ಮಕ್ಕಳಿಗೆ ತಟ್ಟಂತ ಹೋಯ್ತು. ಆ ಪದವನ್ನೇ ಬಳಸುವಾ ಅಂತ ನೋಡಿದೆ, ಆದ್ರೆ ‘ಸೇವೆ ಕಟ್ಟು’ ಅಂದ್ರೆ ಹೊಸತಾಗಿ ಕಟ್ಟಿದ ಹಾಗೆ ಕೇಳ್ತದೆ, ಬಿಟ್ಟೆ. ಈಗ ಸಸ್ಪೆಂಡ್‌ಗೆ ‘ತಡೆಹಿಡಿ’, ರೆಸ್ಯೂಮ್‌ಗೆ ‘ಮುಂದುವರಿಸು’, ಡಿಸೇಬಲ್‌ಗೆ ‘ಬಂದ್ ಮಾಡು’ ಅಂತ ಇಟ್ಟಿದ್ದೇನೆ. ಬಂದ್ ಮಾಡು ಅಂದ್ರೆ ಮನೆಯಲ್ಲಿ ಲೈಟಿಗೂ ಪಂಪಿಗೂ ಹೇಳುವ ಮಾತೇ, ಆದ್ರೆ ಬರಹದಲ್ಲಿ ಹಗುರ ಆಯ್ತು ಅಂತ ನಮ್ಮ ಕನ್ನಡ ಟೀಚರಿಗೆ ಅನಿಸ್ತದೆ.

ಅವರು ಹೇಳಿದ್ದು ‘ನಿಷ್ಕ್ರಿಯಗೊಳಿಸು’. ಅದರಲ್ಲಿ ಒಂದು ದೊಡ್ಡ ತೊಡಕು ಉಂಟು, ಅವರೂ ಆಮೇಲೆ ಒಪ್ಪಿದ್ರು. ಸ್ಟೇಟಸ್ ಅಂತ ಕೇಳಿದ್ರೆ ಬಾಲೂ ತನ್ನ ಸ್ಥಿತಿ ಹೇಳ್ತದೆ, ಎಷ್ಟು ಫೈಲು ಸೇರಿದೆ, ಎಷ್ಟು ಕಾಯ್ತಾ ಉಂಟು, ಸೂಚಿಯ ಗಾತ್ರ ಎಷ್ಟು ಅಂತ. ಕೆಲಸ ಎಲ್ಲ ಮುಗಿದು ಹೊಸ ಫೈಲು ಬರಲಿ ಅಂತ ಕಾಯುವಾಗ ಐಡಲ್ ಅಂತ ತೋರಿಸ್ತದೆ. ಈ ಐಡಲ್‌ಗೂ ಕನ್ನಡದಲ್ಲಿ ‘ನಿಷ್ಕ್ರಿಯ’ ಅಂತಲೇ ಬರೆಯೋದು ರೂಢಿ. ಆಗ ಓದಿದವನಿಗೆ ಬಂದ್ ಆಗಿದ್ದೋ ಬಿಡುವಾಗಿದ್ದೋ ಹೇಗೆ ಗೊತ್ತಾಗಬೇಕು? ಒಂದು ಸತ್ತ ಹಾಗೆ, ಇನ್ನೊಂದು ಎಚ್ಚರ ಇದ್ದು ಸುಮ್ಮನೆ ಕೂತ ಹಾಗೆ. ಐಡಲ್‌ಗೆ ‘ಬಿಡುವಾಗಿದೆ’ ಅಂತ ಹಾಕಿದೆ, ಇದರ ಬಗ್ಗೆ ನನಗೆ ಅನುಮಾನ ಇಲ್ಲ.

ಕ್ಲಿಯರ್ ಮತ್ತು ಪರ್ಜ್ ಅಂತ ಇನ್ನೆರಡು ಆಜ್ಞೆ ಉಂಟು, ಅವುಗಳ ಕನ್ನಡದಲ್ಲಿ ತಪ್ಪಾದ್ರೆ ಜನ ಹೆದರ್ತಾರೆ. ನಾನು ಮೊದಲು ಪರ್ಜ್‌ಗೆ ‘ಕಡತಗಳ ಸೂಚಿಯನ್ನು ಅಳಿಸಿಹಾಕು’ ಅಂತ ಬರೆದಿದ್ದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರಕ್ಕ, ಹತ್ತು ವರ್ಷದ ಪ್ರಶ್ನೆಪತ್ರಿಕೆ ಎಲ್ಲ ಒಂದೇ ಲ್ಯಾಪ್‌ಟಾಪಲ್ಲಿ ಇಟ್ಟವರು, ಓದಿ ಕೈ ಹಿಂದೆ ತೆಗೆದ್ರು, ‘ನನಗೆ ಬೇಡ ಮಾರಾಯ್ತಿ, ಎಲ್ಲ ಹೋದ್ರೆ?’ ಅಂತ. ‘ಕಡತ’ ಮತ್ತು ‘ಅಳಿಸಿಹಾಕು’ ಎರಡೇ ಅವರ ಕಣ್ಣಿಗೆ ಬಿದ್ದದ್ದು, ನಡುವಿನ ‘ಸೂಚಿ’ ಬೀಳಲೇ ಇಲ್ಲ. ಪರ್ಜ್‌ನಲ್ಲಿ ಹೋಗೋದು ಸೂಚಿ ಮಾತ್ರ, ಫೈಲು ಒಂದೂ ಹೋಗೋದಿಲ್ಲ, ಸೂಚಿ ಹೋದ ಮೇಲೆ ಸೇವೆ ಪುನಃ ಮೊದಲಿಂದ ಬರೀಲಿಕ್ಕೆ ಶುರು ಮಾಡ್ತದೆ. ಸೂಚಿ ಕೆಟ್ಟು ಹೋಗಿ ಇದ್ದ ಫೈಲು ಸಿಗದೆ ಇರುವಾಗ ಮಾಡುವ ಕೆಲಸ ಅದು. ಹಾಗಾಗಿ ಈಗ ‘ಹೊಸ ಸೂಚಿ ಬರೆಸು’ ಅಂತ ಬದಲಿಸಿದ್ದೇನೆ, ಮೂಲ ಪದದಲ್ಲಿ ಇರುವ ‘ತೆಗೆದುಹಾಕು’ ಇದರಲ್ಲಿ ಕಾಣೋದಿಲ್ಲ ಅಂತ ಒಂದು ಅಳುಕು ಮಾತ್ರ ಉಂಟು. ಕ್ಲಿಯರ್ ಅಂದ್ರೆ ಹೆಸರು ಹೇಳಿದ ಫೈಲನ್ನು ಮಾತ್ರ ಸೂಚಿಯಿಂದ ಬಿಡೋದು. ಬಾಲೂದ್ದೇ ಇಂಗ್ಲಿಷ್ ವಿವರಣೆಯಲ್ಲಿ ‘ಈ ಫೈಲನ್ನು ಮರೆತುಬಿಡು’ ಅನ್ನುವ ಅರ್ಥ ಉಂಟು. ‘ಮರೆ’ ಅಂತ ಹಾಕುವಾ ಅಂದ್ರೆ ಮರೆ ಅಂದ್ರೆ ಅಡ್ಡ, ಮರೆ ಮಾಡು ಅಂದ್ರೆ ಅಡಗಿಸು. ‘ಮರೆತುಬಿಡು’ ಅಂತ ಪೂರ್ತಿ ಬರೆದ್ರೆ ಸರಿ ಹೋಗ್ತದೆ ಅನಿಸ್ತದೆ.

ಹೀಗೆ ಹಿಂದಿನಿಂದ ಓಡುವ ಪ್ರೋಗ್ರಾಮಿಗೆ ಇಂಗ್ಲಿಷಲ್ಲಿ ಡೀಮನ್ ಅಂತಾರೆ, ಆ ಡೀಮನ್‌ಗೆ ಕೆಲವು ಕಡೆ ‘ದೆವ್ವ’, ‘ಭೂತ’ ಅಂತ ನೋಡಿದೆ. ನಮ್ಮ ತುಳುನಾಡಿನಲ್ಲಿ ಭೂತ ಅಂದ್ರೆ ನಂಬಿದ ದೈವ, ಕೋಲ ಕೊಟ್ಟು ಕೈ ಮುಗಿಯುವ ಶಕ್ತಿ, ಅದನ್ನು ಮಿಶೀನಿನ ಒಂದು ಪ್ರೋಗ್ರಾಮಿಗೆ ಇಡಲಿಕ್ಕೆ ನನಗೆ ಮನಸ್ಸು ಬರೋದಿಲ್ಲ. ‘ಹಿನ್ನೆಲೆ ಸೇವೆ’ ಸಾಕು.

ಇನ್ನೊಂದು, ಇದು ಪದದ ಪ್ರಶ್ನೆ ಅಲ್ಲ ಆದ್ರೆ ಹಾಳೆಯಲ್ಲಿ ಹಾಕಲೇಬೇಕು. ‘ನುಡಿ’, ‘ಬರಹ’ ಅನ್ನುವ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲುಗಳು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಸೂಚಿಗೆ ಸೇರೋದು ಆ ಚಿಹ್ನೆಗಳೇ, ಹಾಗಾಗಿ ‘ಅಡಿಕೆ’ ಅಂತ ಯುನಿಕೋಡಿನಲ್ಲಿ ಹುಡುಕಿದ್ರೆ ಆ ಫೈಲು ಬರೋದೇ ಇಲ್ಲ, ಎಷ್ಟು ಸಲ ಹೊಸ ಸೂಚಿ ಬರೆಸಿದ್ರೂ. ಮೊದಲು ಯುನಿಕೋಡಿಗೆ ಬದಲಿಸಬೇಕು. ನಮ್ಮ ಹಿರಿಯ ಟೀಚರುಗಳ ಎಷ್ಟೋ ಒಳ್ಳೆ ಪಾಠಗಳು ಹೀಗೆ ಯಾರಿಗೂ ಸಿಗದ ಹಾಗೆ ಬಿದ್ದಿವೆ, ನೋಡುವಾಗ ಹೊಟ್ಟೆ ಉರೀತದೆ.

ಈಗ ನನಗೆ ಬೇಕಾದ್ದು ಇಷ್ಟು. ಪುಸ್ತಕದ ಕೊನೆಯ ಆ ಪಟ್ಟಿಗೆ ನಿಮ್ಮ ನಿಮ್ಮ ಕಡೆ ಹಿರಿಯರು ಎಂತ ಹೇಳ್ತಿದ್ರು? ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ತಾಳವಾಡಿ, ಆದವಾನಿ ಕಡೆಯವರು ಇದ್ರೆ ದಯವಿಟ್ಟು ಹೇಳಿ, ಮರಾಠಿ, ತಮಿಳು, ತೆಲುಗಿನ ಮಧ್ಯೆ ಉಳಿದುಕೊಂಡ ಪದ ನಿಮ್ಮಲ್ಲಿ ಇರಬಹುದು. ಮತ್ತೆ ತಡೆಹಿಡಿ, ಬಂದ್ ಮಾಡು, ಮರೆತುಬಿಡು, ಹೊಸ ಸೂಚಿ ಬರೆಸು, ಈ ನಾಲ್ಕನ್ನು ಒಟ್ಟಿಗೆ ಓದಿದಾಗ ಒಂದಕ್ಕೊಂದು ಬೇರೆ ಅಂತ ಗೊತ್ತಾಗ್ತದಾ, ಅದನ್ನು ಕಂಪ್ಯೂಟರ್ ಗೊತ್ತಿಲ್ಲದವರೇ ಓದಿ ಹೇಳಿದ್ರೆ ನನಗೆ ಹೆಚ್ಚು ಉಪಕಾರ. ಓಣಂ ರಜೆ ಮುಗಿದು ಶಾಲೆ ತೆರೆಯುವ ಮೊದಲು ಪ್ರಿಂಟ್ ತೆಗೀಬೇಕು.